ಹೊಸ ಡಬ್ಬಿಗೆ ಮೋಲ್ಡರ್ ಹುಡುಕುವಾಗ: ಮೊದಲು ಡೈ, ಆಮೇಲೆ ರೇಟು

ಪ್ಲಾಸ್ಟಿಕ್ ಮಾಲು ಮಾಡಿಸಲು ಪುಣೆಯ ಕೈಗಾರಿಕಾ ಪ್ರದೇಶಗಳಾದ ಭೋಸರಿ, ಚಾಕಣ ಸುತ್ತುವವರು ಮೋಲ್ಡರನ್ನು (ಡೈಗೆ ಕರಗಿದ ಪ್ಲಾಸ್ಟಿಕ್ ತುಂಬಿ ಮಾಲು ತೆಗೆದುಕೊಡುವವರನ್ನು) ಎಲ್ಲಕ್ಕಿಂತ ಮೊದಲು ಕೇಳುವುದು ‘ಪೀಸಿಗೆ ಎಷ್ಟು?’ ಎಂದು. ಡೈಯಲ್ಲಿ (ಅಚ್ಚಿನಲ್ಲಿ) ಎಷ್ಟು ಕ್ಯಾವಿಟಿ (ಒಂದೊಂದು ಪೀಸು ರೂಪುಗೊಳ್ಳುವ ಕುಳಿ), ಅದು ಎಷ್ಟು ಟನ್ನಿನ (ಡೈಯನ್ನು ಒತ್ತಿ ಮುಚ್ಚಿಹಿಡಿಯುವ ಬಲದ) ಮಷೀನಿನಲ್ಲಿ ಓಡುತ್ತದೆ, ಯಾರ ಹೆಸರಿನಲ್ಲಿರುತ್ತದೆ ಎಂಬುದು ತೀರ್ಮಾನವಾಗುವ ಮುಂಚೆಯೇ ರೇಟು ಹೇಳಿದವರು ಬರೀ ಅಂದಾಜು ಹೊಡೆದಿದ್ದಾರೆ.

12 ಸೆಂ.ಮೀ. ಅಗಲದ, 25 ಗ್ರಾಂ ತೂಕದ ದುಂಡು ಪಿಪಿ (ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್) ಮುಚ್ಚಳವನ್ನೇ ತೆಗೆದುಕೊಳ್ಳಿ. ಮೇಲಿಂದ ನೋಡಿದರೆ ಅದರ ವಿಸ್ತೀರ್ಣ ಸುಮಾರು 113 ಚದರ ಸೆಂ.ಮೀ. ಚದರ ಸೆಂಟಿಮೀಟರಿಗೆ ಅರ್ಧ ಟನ್ ಹಿಡಿದರೆ ಒಂದು ಮುಚ್ಚಳಕ್ಕೆ 56 ಟನ್, ಎರಡು ಕ್ಯಾವಿಟಿಗೆ 113 ಟನ್. ಸ್ವಲ್ಪ ಕೈ ಮಿಗಿಸಿಕೊಂಡು 150 ಟನ್ನಿನ ಮಷೀನು ಇರುವವರನ್ನೇ ಹುಡುಕಿ. ‘80 ಟನ್ನಿನಲ್ಲೇ ತೆಗೆದುಕೊಡ್ತೀವಿ’ ಎನ್ನುವವರ ಹತ್ತಿರ ಡೈ ಬಾಯಿ ಬಿಟ್ಟು ಅಂಚಿಗೆಲ್ಲ ಫ್ಲ್ಯಾಶ್ (ಹೊರಚೆಲ್ಲಿದ ತೆಳು ಪ್ಲಾಸ್ಟಿಕ್ ಪದರ) ಬರುತ್ತದೆ. ಅದನ್ನು ಬ್ಲೇಡಿನಿಂದ ಕೆರೆಯುವ ಕೂಲಿ ನಿಮ್ಮ ರೇಟಿಗೇ ಸೇರುತ್ತದೆ. ತೀರ ದೊಡ್ಡ ಮಷೀನೂ ಬೇಡ. ರನ್ನರ್ (ಕ್ಯಾವಿಟಿಗೆ ಪ್ಲಾಸ್ಟಿಕ್ ಹರಿಯುವ ದಾರಿಯಲ್ಲಿ ಗಟ್ಟಿಯಾದ ಕಡ್ಡಿ) ಸೇರಿ ಶಾಟಿಗೆ (ಒಂದು ಸಲದ ತುಂಬುವಿಕೆಗೆ) 55 ಗ್ರಾಂ ಸಾಕಾಗುವಲ್ಲಿ 500 ಗ್ರಾಮಿನ ಬ್ಯಾರೆಲ್ (ಪ್ಲಾಸ್ಟಿಕ್ ಕರಗಿಸುವ ಕೊಳವೆ) ಇದ್ದರೆ ಮಾಲು ಒಳಗೇ ಬಹಳ ಹೊತ್ತು ಕಾದು ಕಂದುತ್ತದೆ. ಶಾಟಿನ ತೂಕ ಬ್ಯಾರೆಲ್ ಸಾಮರ್ಥ್ಯದ ಶೇ. 20ರಿಂದ 80ರೊಳಗೆ ಇರಲಿ.

ಶೆಡ್ಡಿಗೆ ಹೋಗಿಯೇ ನೋಡಬೇಕು, ಆದರೆ ಗುರುವಾರ ಬೇಡ. ಭೋಸರಿಯಲ್ಲಿ ಹೆಚ್ಚಿನ ಕಡೆ ಅಂದು ವಾರದ ರಜೆ. ಮಾಲೀಕರ ಕ್ಯಾಬಿನ್ನಿಗಿಂತ ಮಷೀನಿನ ಪಕ್ಕದಲ್ಲಿ ಹೆಚ್ಚು ಹೊತ್ತು ನಿಲ್ಲಿ. ಇಲ್ಲಿನ ಆಪರೇಟರುಗಳಲ್ಲಿ ಕಲಬುರಗಿ, ವಿಜಯಪುರ ಕಡೆಯವರು ಸಿಗುತ್ತಾರೆ. ‘ಅಣ್ಣಾ, ಒಂದ್ ಶಾಟಿಗಿ ಎಷ್ಟು ಸೆಕೆಂಡ್ ಹಿಡಿತದರಿ?’ ಎಂದು ಕೇಳಿದರೆ ಕೊಟೇಶನ್ನಿನಲ್ಲಿ ಇಲ್ಲದ್ದೂ ತಿಳಿಯುತ್ತದೆ. ಎರಡು ಕ್ಯಾವಿಟಿ, 30 ಸೆಕೆಂಡ್ ಎಂದರೆ ಗಂಟೆಗೆ 240 ಪೀಸು; 35 ಆದರೆ 205ಕ್ಕೆ ಇಳಿಯುತ್ತದೆ. ಹಾಪರ್ (ಪ್ಲಾಸ್ಟಿಕ್ ಕಾಳು ಸುರಿಯುವ ತೊಟ್ಟಿ) ಬಳಿಯ ಚೀಲಗಳ ಮೇಲೆ ಗ್ರೇಡ್ ಹೆಸರು ಅಚ್ಚಾಗಿದೆಯೇ, ಗ್ರೈಂಡರಿನಿಂದ ಬಂದ (ರನ್ನರ್, ಕೆಟ್ಟ ಪೀಸು ಅರೆದ) ಚೂರು ಎಲ್ಲಿ ಹೋಗುತ್ತಿದೆ, ಅದನ್ನೂ ಗಮನಿಸಿ. ತಿನಿಸು ತುಂಬುವ ಡಬ್ಬಿಯಾದರೆ ಪಿಪಿಗೆ ಐಎಸ್ (ಭಾರತೀಯ ಮಾನಕ) 10910, ಬಣ್ಣಕ್ಕೆ ಐಎಸ್ 9833 ಪ್ರಕಾರದ ಸರ್ಟಿಫಿಕೇಟ್ ಕೇಳಿ. ಚೂರು ಬೆರೆಸಕೂಡದು ಎಂಬುದನ್ನು ಪಿಒದಲ್ಲೇ (ಖರೀದಿ ಆದೇಶದಲ್ಲೇ) ಬರೆಯಿಸಿ.

ಕೊಟೇಶನ್ ಬಿಡಿಸಿ ಕೊಡಲಿ: ರನ್ನರ್ ಸಹಿತ ತೂಕ, ಗ್ರೇಡ್, ಮಾಸ್ಟರ್‌ಬ್ಯಾಚ್ (ಬಣ್ಣದ ಕಾಳು) ಶೇಕಡಾ ಎಷ್ಟು, ಮಷೀನಿನ ಗಂಟೆ ದರ, ಸೈಕಲ್ (ಒಂದು ಶಾಟಿನ) ಸಮಯ, ರಿಜೆಕ್ಷನ್, ಪ್ಯಾಕಿಂಗ್. ಒಟ್ಟು ಮೊತ್ತವೊಂದನ್ನೇ ಕೊಡುವವರ ಜೊತೆ ಮುಂದೆ ದಾಣಾ (ಪ್ಲಾಸ್ಟಿಕ್ ಕಾಳು) ಬೆಲೆ ಇಳಿದಾಗ ಮಾತಾಡಲು ನಿಮಗೆ ಆಧಾರವೇ ಇರುವುದಿಲ್ಲ.

ಹೆಚ್ಚಿನ ಜಗಳ ಹುಟ್ಟುವುದು ಟ್ರಯಲಿನಲ್ಲಿ. ಪಿಪಿ ತಣ್ಣಗಾಗುವಾಗ ಶೇ. 1.5ರಿಂದ 2ರಷ್ಟು ಕುಗ್ಗುತ್ತದೆ, ಅಂದರೆ ನಮ್ಮ ಮುಚ್ಚಳದಲ್ಲಿ 2 ಮಿ.ಮೀ. ಆಸುಪಾಸು. ಡೈಯಿಂದ ಹೊರಬಂದ ಮೇಲೂ ಕುಗ್ಗುವಿಕೆ ಸ್ವಲ್ಪ ನಡೆಯುತ್ತಲೇ ಇರುತ್ತದೆ. ಹಾಗಾಗಿ ಬಿಸಿಯಿದ್ದಾಗ ಡಬ್ಬಿಗೆ ‘ಟಕ್’ ಎಂದು ಕೂತ ಮುಚ್ಚಳ ಮರುದಿನ ಬಿಗಿಯಾಗಿಬಿಟ್ಟು ಕೂರುವುದೇ ಇಲ್ಲ. ಅಳತೆಯನ್ನು 24 ಗಂಟೆಯ ನಂತರವೇ ತೆಗೆಯಿರಿ. ಜೋಪಾನವಾಗಿ ತೆಗೆದ ಐದಾರು ಸ್ಯಾಂಪಲ್ ನೋಡಿ ಒಪ್ಪಬೇಡಿ. ನಿಜವಾದ ಸೈಕಲ್ ವೇಗದಲ್ಲಿ ಸತತ 300 ಪೀಸು ಓಡಿಸಲಿ, ಮೊದಲಿನ, ನಡುವಿನ, ಕೊನೆಯ ಪೀಸುಗಳನ್ನು ಕ್ಯಾವಿಟಿವಾರು ತೂಗಿ. ಮುಚ್ಚಳ ಸೊಟ್ಟಗಾದರೆ ಮೊದಲು ಕೂಲಿಂಗ್ ಸಮಯ ಕಡಿತವಾಗಿದೆಯೇ ನೋಡಿ. ರಿಬ್ಬಿನ (ಬಲಕ್ಕಾಗಿ ಒಳಗೆ ಕೊಡುವ ಪಟ್ಟಿಯ) ಬೆನ್ನಿಗೆ ಮೇಲ್ಮೈ ಗುಳಿ ಬಿದ್ದಿದ್ದರೆ ಮೋಲ್ಡರನ್ನು ಬೈದು ಪ್ರಯೋಜನವಿಲ್ಲ. ಹೆಚ್ಚಾಗಿ ಅದು ಡ್ರಾಯಿಂಗಿನದೇ ತಪ್ಪು. ರಿಬ್ಬಿನ ದಪ್ಪ ಗೋಡೆಯ ದಪ್ಪದ ಶೇ. 60 ಮೀರಬಾರದು.

ಡೈಯ ಹಣ ನೀವು ಕೊಡುತ್ತೀರೆಂದರೆ ಬಿಲ್ ನಿಮ್ಮ ಹೆಸರಿಗೇ ಆಗಲಿ, ಡೈ ಮೇಲೆ ನಿಮ್ಮ ಹೆಸರು ಕೆತ್ತಿಸಿ, ಫೋಟೊ ತೆಗೆದಿಡಿ. ಮೋಲ್ಡರ್ ಬಳಿ ಇಡುವಾಗ ಡೆಲಿವರಿ ಚಲನ್ ಮೇಲೆ ಕಳಿಸಿ. ಜಿಎಸ್‌ಟಿ ಕಾಯ್ದೆಯ 143ನೇ ಸೆಕ್ಷನ್ನಿನಲ್ಲಿ ಜಾಬ್‌ವರ್ಕಿಗೆ (ಬೇರೆಯವರ ಬಳಿ ಕೆಲಸ ಮಾಡಿಸಲು) ಹೋದ ಕಚ್ಚಾ ಮಾಲಿಗೆ ಒಂದು ವರ್ಷದ ಗಡುವು ಇದ್ದರೂ ಡೈ, ಜಿಗ್, ಫಿಕ್ಸ್‌ಚರುಗಳಿಗೆ ವಾಪಸಾತಿಯ ಗಡುವು ಇಲ್ಲ. ಆದ್ದರಿಂದಲೇ ಕರಾರಿನಲ್ಲಿ ‘ಕೇಳಿದ ಏಳು ದಿನದೊಳಗೆ ವಾಪಸ್’ ಎಂಬ ಸಾಲು ನೀವೇ ಹಾಕಿಸಬೇಕು. ಡೈ ದುಡ್ಡನ್ನು ಕಂತಿನಲ್ಲಿ ಕೊಡಿ: ಅರ್ಧ ಮುಂಗಡ, ಮೊದಲ ಟ್ರಯಲಿಗೆ ಶೇ. 30, ಉಳಿದ ಶೇ. 20 ಸ್ಯಾಂಪಲ್ ಒಪ್ಪಿ ಸಹಿ ಹಾಕಿದ ಮೇಲೆ.

ಮೋಲ್ಡರ್ ಉದ್ಯಮ್ (ಸರ್ಕಾರದ ಸಣ್ಣ ಉದ್ಯಮಗಳ) ನೋಂದಣಿ ಇರುವ ಸೂಕ್ಷ್ಮ ಅಥವಾ ಸಣ್ಣ ಘಟಕವಾದರೆ ಲಿಖಿತ ಕರಾರು ಇದ್ದಾಗ ಗರಿಷ್ಠ 45 ದಿನ, ಇಲ್ಲದಿದ್ದಾಗ 15 ದಿನದಲ್ಲಿ ನೀವು ಹಣ ಕೊಡಬೇಕು. 90 ದಿನದ ಉದ್ರಿ ಲೆಕ್ಕ ಹಾಕಿಕೊಂಡು ಹೊರಟಿದ್ದರೆ ಈಗಲೇ ತಿದ್ದಿಕೊಳ್ಳಿ.

ಪ್ರತಿ ಲಾಟಿನ ಕೊನೆಯ ಶಾಟನ್ನು ರನ್ನರ್ ಸಹಿತ ತೆಗೆದಿಡಲು, ತಾಪಮಾನ, ಒತ್ತಡ, ಸಮಯ ಬರೆದ ಸೆಟ್ಟಿಂಗ್ ಶೀಟಿನ ಪ್ರತಿ ನಿಮಗೂ ಕೊಡಲು ಹೇಳಿ. ನಾಳೆ ಡೈಯನ್ನು ಮುಂಬೈ ಬಳಿಯ ವಸಯಿಗೋ ಚಾಕಣಕ್ಕೋ ಸಾಗಿಸಬೇಕಾಗಿ ಬಂದರೆ ಹೊಸ ಮೋಲ್ಡರ್ ಮೊದಲು ಕೇಳುವುದು ಇವೆರಡನ್ನೇ.