ಕಟಾವಿಗೆ ಮೊದಲೇ ಮೆಕ್ಕೆಜೋಳದ ಇಳುವರಿ ಅಂದಾಜು: ದಾವಣಗೆರೆಯ ಖುಷ್ಕಿ ಹೊಲಗಳಲ್ಲಿ ನನ್ನ ಅನುಭವ

ದಾವಣಗೆರೆ ಜಿಲ್ಲೆಯಲ್ಲಿ ಭದ್ರಾ ನಾಲೆಯ ನೀರು ತಲುಪುವ ಊರುಗಳನ್ನು ಬಿಟ್ಟರೆ ಉಳಿದ ಖುಷ್ಕಿ ಭೂಮಿಯ ಬಹುಪಾಲನ್ನು ಮುಂಗಾರಿನಲ್ಲಿ ಆಳುವ ಬೆಳೆ ಮೆಕ್ಕೆಜೋಳ. ಆಗಸ್ಟ್ ಕಳೆಯುತ್ತಿದ್ದಂತೆ ಈ ಬೆಳೆ ಎಕರೆಗೆ ಎಷ್ಟು ಕ್ವಿಂಟಲ್ ಬರಬಹುದು ಎಂಬ ಪ್ರಶ್ನೆ ಎಲ್ಲ ಕಡೆಯಿಂದ ಬರತೊಡಗುತ್ತದೆ. ರೈತ ಉತ್ಪಾದಕ ಕಂಪನಿಗಳು ಗೋದಾಮು ಮತ್ತು ಚೀಲ ಹೊಂದಿಸಬೇಕು, ಸಹಕಾರ ಸಂಘಗಳು ಸಾಲ ವಸೂಲಿಯ ಲೆಕ್ಕ ಹಾಕಬೇಕು, ರೈತರು ಮೇವು ಮತ್ತು ಹಿಂಗಾರಿ ಬಿತ್ತನೆಯ ಬಗ್ಗೆ ತೀರ್ಮಾನಿಸಬೇಕು. ಆಯ್ದ ಹೊಲಗಳ ಸಣ್ಣ ತುಂಡಿನ ಬೆಳೆ ಕೊಯ್ದು ತೂಗುವ ಬೆಳೆ ಕಟಾವು ಪ್ರಯೋಗಗಳಿಂದ ಬರುವ ಅಧಿಕೃತ ಅಂಕಿ ನಂಬಲರ್ಹವಾದದ್ದೇ, ಆದರೆ ಅದು ಬರುವುದು ಕಟಾವಾದ ಮೇಲೆ. ಕೃಷಿ ಹವಾಮಾನ ವಿಜ್ಞಾನವನ್ನು ಓದಿ, ಈ ಭಾಗದ ರೈತ ಸಂಸ್ಥೆಗಳಿಗೆ ಸಲಹೆ ನೀಡುವ ಕೆಲಸಕ್ಕೆ ಬಂದ ನಾನು, ಈ ಅವಧಿಯ ಕೊರತೆಯನ್ನು, ಬೆಳೆಯ ಬೆಳವಣಿಗೆಯನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ಸಿಮ್ಯುಲೇಶನ್ ಮಾದರಿಯ ಮೂಲಕ ತುಂಬಲು ಮಾಡಿದ ಪ್ರಯತ್ನವನ್ನು ಇಲ್ಲಿ ವಿವರಿಸುತ್ತೇನೆ.

ನಾನು ಬಳಸುವುದು ಡಿಸ್ಯಾಟ್ ಎಂಬ ಬೆಳೆ ಮಾದರಿಗಳ ತಂತ್ರಾಂಶದೊಳಗಿನ, ಮೆಕ್ಕೆಜೋಳಕ್ಕೆಂದೇ ಇರುವ ಸಿರೀಸ್-ಮೇಯ್ಜ್ ಮಾದರಿ. ದಿನವೊಂದರ ಗರಿಷ್ಠ ಮತ್ತು ಕನಿಷ್ಠ ಉಷ್ಣಾಂಶ, ಸೌರ ವಿಕಿರಣ ಹಾಗೂ ಮಳೆ, ಈ ನಾಲ್ಕನ್ನು ಕೊಟ್ಟರೆ ಅದು ಮಣ್ಣಿನ ಪದರಪದರಗಳಲ್ಲಿ ಉಳಿದ ನೀರು ಮತ್ತು ಸಾರಜನಕ, ಎಲೆಯ ವಿಸ್ತೀರ್ಣ, ಕಾಂಡ ಹಾಗೂ ಕಾಳಿನ ತೂಕವನ್ನು ದಿನದಿನಕ್ಕೂ ಲೆಕ್ಕ ಹಾಕುತ್ತಾ ಹೋಗುತ್ತದೆ. ಬೆಳೆಯ ವಯಸ್ಸನ್ನು ಅದು ಎಣಿಸುವುದು ದಿನಗಳಲ್ಲಲ್ಲ, 8 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಶೇಖರವಾದ ಉಷ್ಣಮಾನದಲ್ಲಿ; ದಿನದ ಸರಾಸರಿ ಉಷ್ಣಾಂಶ 25 ಡಿಗ್ರಿ ಇದ್ದರೆ ಆ ದಿನ ಬೆಳೆಯ ಖಾತೆಗೆ 17 ಡಿಗ್ರಿ ಜಮೆಯಾಗುತ್ತದೆ. ಇದೇ ಬಗೆಯ ಮಾದರಿಗಳನ್ನು, ಬೆಳೆ ಅಂದಾಜು ಮಾಡುವ ಫಸಲ್ ಯೋಜನೆಯಡಿ ಭಾರತೀಯ ಹವಾಮಾನ ಇಲಾಖೆಯೂ ಬಳಸುತ್ತದೆ, ಮತ್ತು ರಾಷ್ಟ್ರಮಟ್ಟದ ಬೆಳೆ ಅಂದಾಜಿಗೆಂದೇ 2012ರಲ್ಲಿ ದೆಹಲಿಯಲ್ಲಿ ಆರಂಭವಾದ ಮಹಾಲನೋಬಿಸ್ ರಾಷ್ಟ್ರೀಯ ಬೆಳೆ ಮುನ್ಸೂಚನಾ ಕೇಂದ್ರವಿದೆ. ಅವರ ಗುರಿ ಜಿಲ್ಲೆ ಮತ್ತು ರಾಜ್ಯ. ನನಗೆ ಬೇಕಾದದ್ದು ಹೋಬಳಿ.

ತಳಿಯ ಗುಣಾಂಕಗಳ ವಿಷಯವನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಹೊಸದಾಗಿ ಈ ಕೆಲಸಕ್ಕೆ ಬರುವವರು ತಮ್ಮ ಸಮಯವನ್ನೆಲ್ಲ ಅಲ್ಲಿಯೇ ಕಳೆಯುವುದನ್ನು ಕಂಡಿದ್ದೇನೆ. ಮಾದರಿಯಲ್ಲಿ ಒಂದು ಮೆಕ್ಕೆಜೋಳದ ಹೈಬ್ರಿಡ್ ಅಂದರೆ ಆರು ಸಂಖ್ಯೆಗಳು: ಎಳವೆಯ ಅವಧಿ, ಹಗಲಿನ ಉದ್ದಕ್ಕೆ ತೋರುವ ಪ್ರತಿಕ್ರಿಯೆ, ತೆನೆಯ ತುದಿಯಲ್ಲಿ ಕೂದಲು (ರೇಷ್ಮೆಯಂಥ ಎಳೆಗಳು) ಬಂದಾಗಿನಿಂದ ಬಲಿಯುವವರೆಗಿನ ಅವಧಿ, ಗಿಡಕ್ಕೆ ಗರಿಷ್ಠ ಎಷ್ಟು ಕಾಳು, ಕಾಳು ದಿನಕ್ಕೆ ಎಷ್ಟು ಮಿಲಿಗ್ರಾಂ ತುಂಬುತ್ತದೆ, ಮತ್ತು ಒಂದು ಎಲೆಯಿಂದ ಇನ್ನೊಂದು ಎಲೆಗೆ ಬೇಕಾದ ಉಷ್ಣಮಾನ. ನಮ್ಮ ಅಕ್ಷಾಂಶದಲ್ಲಿ ಹಗಲಿನ ಉದ್ದ ವರ್ಷದುದ್ದಕ್ಕೂ ಹೆಚ್ಚು ಬದಲಾಗದ ಕಾರಣ ಎರಡನೆಯ ಸಂಖ್ಯೆಯ ಪ್ರಭಾವ ಅತ್ಯಲ್ಪ. ಮೊದಲು ಕೂದಲು ಬರುವ ದಿನ ಮತ್ತು ಬಲಿಯುವ ದಿನ ಹೊಲದೊಂದಿಗೆ ಹೊಂದುವಂತೆ ಅವಧಿಯ ಸಂಖ್ಯೆಗಳನ್ನು ಸರಿಪಡಿಸಿ, ಆ ಮೇಲಷ್ಟೇ ಕಾಳಿನ ಸಂಖ್ಯೆಗಳಿಗೆ ಕೈಹಾಕಬೇಕು. ಈ ಕ್ರಮ ತಲೆಕೆಳಗಾದರೆ ಒಂದರ ತಪ್ಪು ಇನ್ನೊಂದರಲ್ಲಿ ಅಡಗಿ ಕೂರುತ್ತದೆ. ರೈತರು ಬಿತ್ತುವ ಖಾಸಗಿ ಹೈಬ್ರಿಡ್‌ಗಳ ಹೆಸರುಗಳು ವರ್ಷವರ್ಷ ಬದಲಾಗುತ್ತಿದ್ದರೂ ಅವಧಿಯಲ್ಲಿ ಅವೆಲ್ಲ ಎರಡು ಮೂರು ಗುಂಪುಗಳಲ್ಲಿ ಸೇರಿಹೋಗುವುದರಿಂದ, ನಾನು ಮಧ್ಯಮಾವಧಿ ಮತ್ತು ದೀರ್ಘಾವಧಿ ಎಂಬ ಎರಡು ಗುಂಪುಗಳಿಗಷ್ಟೇ ಗುಣಾಂಕ ಕಟ್ಟಿಕೊಂಡಿದ್ದೇನೆ.

ನಿಜವಾದ ಶ್ರಮ ಬೇಡುವುದು ಬಿತ್ತನೆಯ ದಿನ ಮತ್ತು ಮಣ್ಣಿನ ಆಳ. ಮುನ್ಸೂಚನೆ ನಿಲ್ಲುವುದೂ ಬೀಳುವುದೂ ಈ ಎರಡರ ಮೇಲೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಖುಷ್ಕಿಯಲ್ಲಿ ಒಂದೇ ಊರಿನ ಬಿತ್ತನೆ ಒಂದೇ ವಾರದಲ್ಲಿ ಮುಗಿಯುವುದಿಲ್ಲ. ಜಗಳೂರು ತಾಲ್ಲೂಕಿನ ಬಿಳಿಚೋಡು, ಸೊಕ್ಕೆ ಹೋಬಳಿಗಳಲ್ಲಿ ಹದವಾದ ಮಳೆ ಒಂದು ದಿಕ್ಕಿಗೆ ಬಿದ್ದು ಇನ್ನೊಂದು ದಿಕ್ಕಿಗೆ ತಪ್ಪಿದರೆ ಅಕ್ಕಪಕ್ಕದ ಊರುಗಳ ಬಿತ್ತನೆಯ ನಡುವೆ ತಿಂಗಳ ಅಂತರ ಬೀಳುತ್ತದೆ. ಕೃಷಿ ಇಲಾಖೆಯ ಬಿತ್ತನೆ ಪ್ರಗತಿ ವರದಿ ತಾಲ್ಲೂಕಿನಲ್ಲಿ ಎಷ್ಟು ಹೆಕ್ಟೇರ್ ಆಯಿತು ಎಂಬುದನ್ನು ಹೇಳುತ್ತದೆ, ಬೆಳೆ ಸಮೀಕ್ಷೆಯಿಂದ ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ಎಂಬುದು ತಿಳಿಯುತ್ತದೆ, ಆದರೆ ಹೊಲವೊಂದರ ಬಿತ್ತನೆಯ ದಿನ ನನಗೆ ಸಿಕ್ಕಿದ್ದು ರೈತರ ಬಾಯಿಂದಲೇ. ದಿನಾಂಕ ಕೇಳಿದರೆ ಹೆಚ್ಚಿನವರು ತಡವರಿಸುತ್ತಾರೆ. ಯಾವ ಮಳೆಗೆ ಹಾಕಿದಿರಿ ಎಂದು ಕೇಳಿದರೆ ಮರುಕ್ಷಣವೇ ಉತ್ತರ ಬರುತ್ತದೆ. ಬಿಳಿಚೋಡಿನ ಹಿರಿಯ ರೈತರೊಬ್ಬರು ಬದುವಿನ ಮೇಲೆ ನಿಂತು, "ಸಾರ್, ಇದು ಪುನರ್ವಸು ಮಳೀಗೆ ಹಾಕಿದ್ದು, ಆಚೆ ಎರೆ ಹೊಲದಾಗಿಂದು ಮೃಗಶಿರಾ ಮಳೀದು, ಅದ್ಕೆ ಅದು ಎದಿ ಮಟ್ಟ ಐತಿ" ಎಂದು ವಿವರಿಸಿದ್ದರು. ಮೃಗಶಿರಾ ಜೂನ್ 8ರ ಆಸುಪಾಸಿನಲ್ಲಿ, ಆರಿದ್ರಾ 22ರ ಸುಮಾರಿಗೆ, ಪುನರ್ವಸು ಜುಲೈ 6ರ ವೇಳೆಗೆ, ಪುಷ್ಯ 20ರ ವೇಳೆಗೆ ಹುಟ್ಟುತ್ತವೆ. ಒಂದೊಂದು ಮಳೆಯ ಅವಧಿ ಹದಿಮೂರು, ಹದಿನಾಲ್ಕು ದಿನ. ಹೋಬಳಿ ಮಟ್ಟದ ಅಂದಾಜಿಗೆ ಇದಕ್ಕಿಂತ ಸೂಕ್ಷ್ಮವಾದ ಅಳತೆ ಬೇಕಿಲ್ಲ. ಹಾಗಾಗಿ ನನ್ನ ಲೆಕ್ಕದ ಘಟಕಗಳನ್ನೇ ಮಳೆ ನಕ್ಷತ್ರದ ಪ್ರಕಾರ ಕಟ್ಟಿದೆ: ಪ್ರತಿ ಹೋಬಳಿಯ ಮೆಕ್ಕೆಜೋಳದ ವಿಸ್ತೀರ್ಣದಲ್ಲಿ ಯಾವ ಮಳೆಗೆ ಎಷ್ಟು ಪಾಲು ಬಿತ್ತನೆಯಾಯಿತು ಎಂಬುದನ್ನು ರೈತರ ಮಾತು, ಬಿತ್ತನೆ ಬೀಜ ಮಾರಾಟವಾದ ವಾರಗಳು ಮತ್ತು ಸೆಂಟಿನೆಲ್ ಉಪಗ್ರಹ ಚಿತ್ರಗಳಲ್ಲಿ ಹಸಿರು ಏರತೊಡಗಿದ ಸಮಯ, ಈ ಮೂರನ್ನೂ ತಾಳೆ ನೋಡಿ ನಿರ್ಧರಿಸುತ್ತೇನೆ. ಜುಲೈ ತಿಂಗಳಿಡೀ ಮೋಡ ಕವಿದಿರುವುದರಿಂದ ಸಾಮಾನ್ಯ ಉಪಗ್ರಹ ಚಿತ್ರ ಒಂದೆರಡು ಸಿಕ್ಕರೆ ಹೆಚ್ಚು. ಮೋಡವನ್ನು ಹಾಯ್ದು ನೋಡುವ ಸೆಂಟಿನೆಲ್-1ರ ರೇಡಾರ್ ಚಿತ್ರಗಳು ಆಗ ಆಸರೆಯಾಗುತ್ತವೆ.

ಬಿತ್ತನೆಯ ದಿನಕ್ಕೆ ಇಷ್ಟು ತೂಕ ಏಕೆ ಎಂಬುದಕ್ಕೆ ಮಾದರಿಯ ಒಳಗೇ ಉತ್ತರವಿದೆ. ಗಿಡವೊಂದು ಎಷ್ಟು ಕಾಳು ಕಟ್ಟುತ್ತದೆ ಎಂಬುದನ್ನು ಸಿರೀಸ್-ಮೇಯ್ಜ್ ತೀರ್ಮಾನಿಸುವುದು ಕೂದಲು ಬಂದ ನಂತರದ ಕೆಲವೇ ದಿನಗಳಲ್ಲಿ ಗಿಡ ತಯಾರಿಸಿದ ಆಹಾರದ ಪ್ರಮಾಣವನ್ನು ನೋಡಿ. ಆ ದಿನಗಳಲ್ಲಿ ನೀರಿನ ಕೊರತೆಯಾದರೆ ತೆನೆ ತುದಿಯವರೆಗೆ ತುಂಬುವುದಿಲ್ಲ, ಮುಂದೆ ಎಷ್ಟೇ ಮಳೆ ಬಂದರೂ ಕಟ್ಟದ ಕಾಳು ಮತ್ತೆ ಕಟ್ಟುವುದಿಲ್ಲ. 2023ನೇ ವರ್ಷವನ್ನೇ ನೋಡಬಹುದು. ಆ ವರ್ಷ ಮುಂಗಾರು ಕೇರಳಕ್ಕೆ ಬಂದದ್ದು ಜೂನ್ 8ರಂದು, ಮತ್ತು ಆಗಸ್ಟ್ ತಿಂಗಳು ದೇಶದ ಮಟ್ಟದಲ್ಲಿ 1901ರಿಂದೀಚೆಗೆ ಅತ್ಯಂತ ಒಣ ಆಗಸ್ಟ್ ಎನಿಸಿತು. ಜೂನ್ ಕೊನೆಯೊಳಗೆ ಬಿತ್ತಿದ ಹೊಲಕ್ಕೆ ಆ ಒಣ ಅವಧಿ ಹೂವಿನ ಹಂತದಲ್ಲಿಯೇ ಎದುರಾಗುತ್ತದೆ. ಜುಲೈ ಮಧ್ಯದ ನಂತರ ಬಿತ್ತಿದ ಹೊಲಕ್ಕೆ ಅದು ಮೊಣಕಾಲೆತ್ತರದ ಬೆಳೆಯಲ್ಲಿ ಎದುರಾಗಿ, ಎಲೆ ಸುರುಳಿ ಸುತ್ತಿಕೊಂಡರೂ ಕಾಳಿನ ಲೆಕ್ಕ ಇನ್ನೂ ಶುರುವಾಗಿರುವುದಿಲ್ಲ. ಒಂದೇ ಮಳೆಮಾಪನದ ಅಂಕಿಗಳನ್ನು ಎರಡು ಬಿತ್ತನೆಗಳಿಗೆ ಕೊಟ್ಟು ಮಾದರಿ ನಡೆಸಿದಾಗ ಅವೆರಡೂ ಬೇರೆಬೇರೆ ವರ್ಷದ ಬೆಳೆಗಳೇನೋ ಎನ್ನುವಷ್ಟು ಬೇರೆಯಾಗಿ ಕಾಣುತ್ತವೆ. ತಾಲ್ಲೂಕಿಗೆಲ್ಲ ಒಂದೇ ಬಿತ್ತನೆ ದಿನಾಂಕ ಹಾಕಿ ಲೆಕ್ಕ ಮಾಡಿದವರ ಅಂದಾಜು ಇಂಥ ವರ್ಷಗಳಲ್ಲಿ ಸರಿಹೊಂದಲು ಸಾಧ್ಯವೇ ಇಲ್ಲ.

ಮಣ್ಣಿನ ಆಳವೂ ಅಷ್ಟೇ ಮುಖ್ಯ. ಮಸಾರಿ (ಕೆಂಪು ಮಣ್ಣಿನ) ಹೊಲದಲ್ಲಿ ಬೇರು ಇಳಿಯುವ ಆಳ 60 ಸೆಂಟಿಮೀಟರ್ ಎಂದೂ, ಬೆಳೆ ಎಳೆದುಕೊಳ್ಳಬಲ್ಲ ನೀರು ಮಣ್ಣಿನ ಗಾತ್ರದ ಶೇಕಡಾ 10ರಷ್ಟೆಂದೂ ಇಟ್ಟುಕೊಂಡರೆ ಆ ಹೊಲದ ಖಜಾನೆ 60 ಮಿಲಿಮೀಟರ್. ಹೂವಿನ ಹಂತದ ಬೆಳೆ ದಿನಕ್ಕೆ 5 ಮಿಲಿಮೀಟರ್ ಖರ್ಚು ಮಾಡಿದರೆ ಅದು ಹನ್ನೆರಡು ದಿನಕ್ಕೆ ಬರಿದು. ಮೀಟರ್ ಆಳದ ಎರೆ (ಕಪ್ಪು) ಮಣ್ಣಿನಲ್ಲಿ ಶೇಕಡಾ 15ರ ಲೆಕ್ಕ ಹಿಡಿದರೂ 150 ಮಿಲಿಮೀಟರ್, ಅಂದರೆ ತಿಂಗಳ ಖರ್ಚು. ಮಣ್ಣಿನ ನಕ್ಷೆಗಳು ಕೊಡುವ ಆಳವನ್ನು ನಾನು ಹಾಗೆಯೇ ತೆಗೆದುಕೊಳ್ಳುವುದಿಲ್ಲ. ಕೃಷಿಹೊಂಡ, ಬಾವಿ, ರಸ್ತೆಗೆ ಮಣ್ಣು ತೆಗೆದ ಗುಂಡಿ, ಹೀಗೆ ಮಣ್ಣಿನ ಪಕ್ಕೆ ಕಾಣುವ ಕಡೆಯಲ್ಲೆಲ್ಲ ಗರಸು (ಗಟ್ಟಿ ಜಲ್ಲಿಮಣ್ಣು) ಎಷ್ಟು ಆಳಕ್ಕೆ ಸಿಗುತ್ತದೆ ಎಂಬುದನ್ನು ಟೇಪು ಹಿಡಿದು ಅಳೆದು ನಕ್ಷೆಯ ಮೇಲೆ ಗುರುತು ಹಾಕುತ್ತೇನೆ. ಮಾಯಕೊಂಡದ ಕಡೆಯಿಂದ ಭರಮಸಾಗರದ ಕಡೆಗೆ ಹೋಗುವಾಗ ಒಂದೇ ಗ್ರಾಮದ ದಿನ್ನೆಯಲ್ಲೂ ತಗ್ಗಿನಲ್ಲೂ ಈ ಆಳ ಎಷ್ಟು ಬದಲಾಗುತ್ತದೆ ಎಂಬುದನ್ನು ಕಣ್ಣಾರೆ ನೋಡಿದವರಿಗೆ ನಕ್ಷೆಯ ಒಂದೇ ಬಣ್ಣದ ಮೇಲೆ ನಂಬಿಕೆ ಉಳಿಯುವುದಿಲ್ಲ. ಲೆಕ್ಕವನ್ನು ಬಿತ್ತನೆಯ ದಿನದಿಂದ ಆರಂಭಿಸದೆ ಜನವರಿಯಲ್ಲಿ ಒಣಗಿದ ಮಣ್ಣಿನಿಂದಲೇ ಆರಂಭಿಸುವುದು ನನ್ನ ಪದ್ಧತಿ. ಅಶ್ವಿನಿ, ಭರಣಿ ಮಳೆಗಳು ಕೆಳಪದರಕ್ಕೆ ಇಳಿಸಿದ ನೀರು ಆಗ ತಾನಾಗಿ ಲೆಕ್ಕಕ್ಕೆ ಸೇರುತ್ತದೆ.

ಹವಾಮಾನದ ಅಂಕಿಗಳಲ್ಲಿ ಉಷ್ಣಾಂಶ ತಾಲ್ಲೂಕಿಗೆ ಒಂದು ಕೇಂದ್ರದ್ದು ಸಾಕು, ವಿಕಿರಣಕ್ಕೆ ನಾಸಾದ ‘ಪವರ್’ ಎಂಬ ಹವಾಮಾನ ದತ್ತಾಂಶ ಸಂಗ್ರಹ ಸಾಕು. ಮಳೆಯ ವಿಷಯದಲ್ಲಿ ಮಾತ್ರ ರಾಜಿ ಸಲ್ಲದು. ಹವಾಮಾನ ಇಲಾಖೆ 1901ರಿಂದ ಸಿದ್ಧಪಡಿಸಿರುವ ಕಾಲು ಡಿಗ್ರಿ ಚೌಕಗಳ ದೈನಂದಿನ ಮಳೆಯ ಸಂಗ್ರಹ ಅಮೂಲ್ಯವಾದದ್ದು, ಆದರೆ ಒಂದು ಚೌಕದ ಬದಿ 27 ಕಿಲೋಮೀಟರ್‌ನಷ್ಟಿದ್ದು ಹಲವು ಮಾಪನಗಳ ಮಳೆ ಅದರಲ್ಲಿ ಸರಾಸರಿಯಾಗಿ ಹರಡಿಹೋಗುತ್ತದೆ. ಒಂದು ಊರಿನಲ್ಲಿ ಜೋರಾಗಿ ಬಿದ್ದು ಹಳ್ಳಕ್ಕೆ ಹರಿದುಹೋದ ಮಳೆ, ಮಾದರಿಯ ಕಣ್ಣಿಗೆ ಹತ್ತೂರಿಗೆ ಮೆಲ್ಲಗೆ ಸುರಿದು ಇಂಗಿದ ಮಳೆಯಾಗಿ ಕಾಣುತ್ತದೆ. ಮಾದರಿಯ ಲೆಕ್ಕದಲ್ಲಿ ಒಣ ಅವಧಿಗಳು ಮೊಟಕಾಗಿ ಇಳುವರಿ ನಿಜಕ್ಕಿಂತ ಹೆಚ್ಚಾಗಿ ಬರುತ್ತದೆ. ಆದ್ದರಿಂದ ನಡೆಯುತ್ತಿರುವ ವರ್ಷಕ್ಕೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಅಳವಡಿಸಿರುವ ಮಳೆಮಾಪನಗಳ ಅಂಕಿಗಳನ್ನೇ ಬಳಸುತ್ತೇನೆ.

ಗೊಬ್ಬರದ ಬಗ್ಗೆ ಒಂದು ಮಾತು. ಖುಷ್ಕಿ ಮೆಕ್ಕೆಜೋಳಕ್ಕೆ ಹೆಕ್ಟೇರಿಗೆ 100 ಕಿಲೋ ಸಾರಜನಕ, 50 ಕಿಲೋ ರಂಜಕ, 25 ಕಿಲೋ ಪೊಟ್ಯಾಷ್ ಎಂಬ ಶಿಫಾರಸು ಇದೆ, ಆದರೆ ಮೇಲುಗೊಬ್ಬರದ ಯೂರಿಯಾವನ್ನು ಯಾವ ರೈತನೂ ಒಣ ನೆಲಕ್ಕೆ ಎರಚುವುದಿಲ್ಲ. ಮೂವತ್ತನೇ ದಿನಕ್ಕೆ ಯೂರಿಯಾ ಎಂದು ಮಾದರಿಯಲ್ಲಿ ಬರೆದಿಟ್ಟರೆ ಅದು ಹೊಲದಲ್ಲಿ ನಡೆಯದ ಸಂಗತಿ. ಬಿತ್ತಿದ 25 ದಿನಗಳ ನಂತರ ಬೀಳುವ ಮೊದಲ ಹದ ಮಳೆಯ ಮರುದಿನಕ್ಕೆ ಯೂರಿಯಾದ ದಿನಾಂಕ ಬೀಳುವಂತೆ ಪೈಥಾನ್‌ನಲ್ಲಿ ಚಿಕ್ಕ ಪ್ರೋಗ್ರಾಂ ಬರೆದುಕೊಂಡಿದ್ದೇನೆ; ಮಳೆ ಬಾರದಿದ್ದರೆ ಆ ಘಟಕಕ್ಕೆ ಮೇಲುಗೊಬ್ಬರವೂ ಇಲ್ಲ.

ಮುನ್ಸೂಚನೆಯನ್ನು ತಯಾರಿಸುವ ಕ್ರಮ ಹೀಗಿದೆ. ಇಂದಿನವರೆಗೆ ಈ ವರ್ಷದ ನಿಜವಾದ ಹವಾಮಾನ, ನಾಳೆಯಿಂದ ಕಟಾವಿನವರೆಗೆ ಹಿಂದಿನ ಮೂವತ್ತು ವರ್ಷಗಳ ಹವಾಮಾನವನ್ನು ಒಂದೊಂದಾಗಿ ಜೋಡಿಸಿ ಪ್ರತಿ ಘಟಕಕ್ಕೂ ಮೂವತ್ತು ಇಳುವರಿ ಪಡೆಯುತ್ತೇನೆ. ಜುಲೈ ಕೊನೆಯಲ್ಲಿ ಈ ಮೂವತ್ತರ ಹರವು ತುಂಬ ಅಗಲವಾಗಿದ್ದು ಯಾರಿಗೂ ಉಪಯೋಗಕ್ಕೆ ಬಾರದು. ಕೂದಲು ಬರುವ ಹಂತ ದಾಟಿದ ಮೇಲೆ ಅದು ಗಮನಾರ್ಹವಾಗಿ ಕಿರಿದಾಗುತ್ತದೆ, ಮತ್ತು ನಾನು ಮೊದಲ ಅಂಕಿಯನ್ನು ಹೊರಗೆ ಕೊಡುವುದು ಆಗಲೇ. ಹವಾಮಾನ ಇಲಾಖೆ ಪ್ರತಿ ಗುರುವಾರ ಹೊರಡಿಸುವ ನಾಲ್ಕು ವಾರಗಳ ವಿಸ್ತೃತ ಮುನ್ಸೂಚನೆ ಮಳೆ ಕಡಿಮೆ ಎಂದರೆ ಹಿಂದಿನ ಒಣ ವರ್ಷಗಳಿಗೆ ಹೆಚ್ಚು ತೂಕ ಕೊಡುತ್ತೇನೆ.

ಮಾದರಿಯಿಂದ ಬಂದ ಸಂಖ್ಯೆಯನ್ನು ಹಾಗೆಯೇ ರೈತರ ಮುಂದಿಡುವಂತಿಲ್ಲ. ಅದು ಕೊಡುವುದು ತೇವಾಂಶವಿಲ್ಲದ ಒಣ ತೂಕ. ಹೆಕ್ಟೇರಿಗೆ 5,000 ಕಿಲೋ ಎಂದು ಅದು ಹೇಳಿದರೆ ಶೇಕಡಾ 14 ತೇವಾಂಶದ ಮಾರುಕಟ್ಟೆಯ ಕಾಳಿನಲ್ಲಿ ಅದು ಸುಮಾರು 5,800 ಕಿಲೋ, ಎಕರೆಗೆ 23 ಕ್ವಿಂಟಲ್‌ಗಿಂತ ಸ್ವಲ್ಪ ಹೆಚ್ಚು. ಇನ್ನೊಂದು ಕಡೆ, ಕಳೆ, ಸಸಿಗಳ ನಡುವಿನ ಖಾಲಿ ಜಾಗ, ಹುಳುವಿನ ಹಾವಳಿ ಅದಕ್ಕೆ ಗೊತ್ತಿಲ್ಲದ ಕಾರಣ ನಿಜವಾದ ಇಳುವರಿ ಕೆಳಗೇ ಇರುತ್ತದೆ. ಹಿಂದಿನ ವರ್ಷಗಳ ಬೆಳೆ ಕಟಾವು ಪ್ರಯೋಗಗಳ ಸರಾಸರಿಯ ಜೊತೆ ಅದೇ ವರ್ಷಗಳ ಮಾದರಿಯ ಸಂಖ್ಯೆಗಳನ್ನು ಹೋಲಿಸಿ ಈ ಅಂತರವನ್ನು ತಾಲ್ಲೂಕುವಾರು ಕಟ್ಟಿದ್ದೇನೆ. ಹೀಗೆ ಕಟ್ಟುವಾಗ ಪ್ರತಿ ಸಲವೂ ಒಂದು ವರ್ಷವನ್ನು ಹೊರಗಿಟ್ಟು, ಉಳಿದ ವರ್ಷಗಳಿಂದ ಬಂದ ಸಂಬಂಧ ಆ ವರ್ಷವನ್ನು ಸರಿಯಾಗಿ ಹೇಳುತ್ತದೆಯೇ ಎಂದು ಪರೀಕ್ಷಿಸುವುದು ಅತ್ಯಗತ್ಯ. 2018ರ ನಂತರದ ವರ್ಷಗಳನ್ನು ನಾನು ಪ್ರತ್ಯೇಕವಾಗಿ ನೋಡುತ್ತೇನೆ. ಫಾಲ್ ಸೈನಿಕ ಹುಳು ದೇಶದಲ್ಲಿ ಮೊದಲು ಕಾಣಿಸಿಕೊಂಡದ್ದು ಆ ವರ್ಷ, ನಮ್ಮದೇ ರಾಜ್ಯದ ಮೆಕ್ಕೆಜೋಳದಲ್ಲಿ. ಸುಳಿ ತಿಂದು ಲದ್ದಿ ತುಂಬಿದ ಹೊಲಗಳು ಎಷ್ಟು ಎಂಬುದನ್ನು ಆಯಾ ವರ್ಷ ನಡೆದು ನೋಡಿಯೇ ಎಲೆಯ ನಷ್ಟವಾಗಿ ಮಾದರಿಗೆ ಹೊರಗಿನಿಂದ ಕೊಡಬೇಕಾಗುತ್ತದೆ.

ಕೊಡುವಾಗ ಒಂದೇ ಅಂಕಿಯನ್ನು ಕೊಡುವುದಿಲ್ಲ. ಆನಗೋಡು ಹೋಬಳಿಯ ಆರಿದ್ರಾ ಬಿತ್ತನೆಗೆ ಇಷ್ಟರಿಂದ ಇಷ್ಟು ಕ್ವಿಂಟಲ್, ಪುಷ್ಯ ಬಿತ್ತನೆಗೆ ಇಷ್ಟರಿಂದ ಇಷ್ಟು, ಹತ್ತರಲ್ಲಿ ಎಂಟು ವರ್ಷ ಈ ಮಿತಿಯೊಳಗೆ, ಎಂದು ಬರೆದು ಕಳಿಸುತ್ತೇನೆ. ಕಂಪನಿಗಳ ನಿರ್ದೇಶಕ ಮಂಡಳಿಯವರು ಆರಂಭದಲ್ಲಿ ಒಂದೇ ಅಂಕಿ ಬೇಕೆಂದು ಪಟ್ಟು ಹಿಡಿಯುತ್ತಿದ್ದರು. ಕೆಳಮಿತಿಯನ್ನು ನೋಡಿ ಮುಂಗಡ ಒಪ್ಪಂದದ ಪ್ರಮಾಣವನ್ನೂ, ಮೇಲ್ಮಿತಿಯನ್ನು ನೋಡಿ ಗೋದಾಮಿನ ಜಾಗವನ್ನೂ ನಿಗದಿ ಮಾಡಬಹುದೆಂದು ತೋರಿಸಿದ ಮೇಲೆ ಈಗ ಅವರೇ ಎರಡೂ ಮಿತಿಗಳನ್ನು ಕೇಳುತ್ತಾರೆ.

ಕಾಳಿನ ಬುಡದಲ್ಲಿ ಕಪ್ಪು ಪದರ ಮೂಡಿ ಬೆಳೆ ಬಲಿತ ದಿನಕ್ಕೆ ಮಾದರಿಯ ಲೆಕ್ಕ ಮುಗಿಯುತ್ತದೆ, ಹೊಲದ ಲೆಕ್ಕ ಮುಗಿಯುವುದಿಲ್ಲ. ತೆನೆ ಒಣಗಲೆಂದು ಗಿಡದಲ್ಲೇ ಬಿಟ್ಟ ವಾರಗಳಲ್ಲಿ ಚಿತ್ತೆ, ಸ್ವಾತಿ ಮಳೆ ಹಿಡಿದರೆ ಕಾಳು ಬೂಸ್ಟು ಹಿಡಿಯುತ್ತದೆ, ಕೆಲವೊಮ್ಮೆ ತೆನೆಯಲ್ಲೇ ಮೊಳಕೆಯೊಡೆಯುತ್ತದೆ. ಈ ನಷ್ಟಕ್ಕೆ ಸಿರೀಸ್-ಮೇಯ್ಜ್‌ನಲ್ಲಿ ಜಾಗವಿಲ್ಲ. ಹಾಗಾಗಿ ಅಕ್ಟೋಬರ್‌ನ ಕೊನೆಯ ಅಂದಾಜಿನ ಜೊತೆಗೆ, ಯಾವ ಹೋಬಳಿಯ ಯಾವ ಬಿತ್ತನೆ ಯಾವ ದಿನ ಬಲಿಯಿತು, ಆ ನಂತರ ಅಲ್ಲಿ ಎಷ್ಟು ಮಳೆಯ ದಿನಗಳಾದವು ಎಂಬ ಪಟ್ಟಿಯನ್ನೂ ಸೇರಿಸುತ್ತೇನೆ. ಡ್ರೈಯರ್ ಮತ್ತು ಟಾರ್ಪಾಲಿನ್ ಮೊದಲು ಯಾವ ಊರಿಗೆ ಕಳಿಸಬೇಕು ಎಂಬುದನ್ನು ಕಂಪನಿಯವರು ಆ ಪಟ್ಟಿ ನೋಡಿ ತೀರ್ಮಾನಿಸುತ್ತಾರೆ.