ಕದಲದ ಸದ್ದಿಗೆ ಮಾತ್ರ ಕತ್ತರಿ: ಹಾಡಿನ ದನಿಗೆ ಈಕ್ಯೂ ಮಾಡುವುದು ಹೇಗೆ?

ನವರಾತ್ರಿ ಹತ್ತಿರ ಬಂತೆಂದರೆ ಮುಂಬಯಿ ಸುತ್ತಲಿನ ಡೊಂಬಿವಲಿ, ಠಾಣೆ, ಮೀರಾ ರೋಡ್ ಕಡೆಯ ನಮ್ಮ ಭಜನಾ ಮಂಡಳಿಗಳಿಗೆ ಈಗ ಒಂದು ಹೊಸ ಕೆಲಸ ಸೇರಿಕೊಂಡಿದೆ. ಹಾಡನ್ನು ಮನೆಯಲ್ಲೇ ರೆಕಾರ್ಡ್ ಮಾಡಿ ಯೂಟ್ಯೂಬಿಗೆ, ವಾಟ್ಸಾಪ್ ಗುಂಪಿಗೆ ಹಾಕಬೇಕು. ಲ್ಯಾಮಿಂಗ್ಟನ್ ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಯಿಂದ ತಂದ ಕಂಡೆನ್ಸರ್ ಮೈಕು, ಅದನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಒಂದು ಆಡಿಯೋ ಇಂಟರ್‌ಫೇಸು, ಮಗನ ಹಳೇ ಲ್ಯಾಪ್‌ಟಾಪು ಇದ್ದರೆ ಸ್ಟುಡಿಯೋ ಸಿದ್ಧ. ಹಾಡಿದವರ ಕಂಠ ಚೆನ್ನಾಗಿಯೇ ಇರುತ್ತದೆ. ಪ್ಲೇ ಒತ್ತಿದಾಗ ಮಾತ್ರ ಕೊಡದೊಳಗೆ ಬಾಯಿಟ್ಟು ಹಾಡಿದ ಹಾಗೆ ಕೇಳುತ್ತದೆ.

ಆಗ ನೆನಪಾಗುವುದು ಈಕ್ಯೂ (ಈಕ್ವಲೈಸರ್), ಅಂದರೆ ಸದ್ದಿನ ಬೇರೆ ಬೇರೆ ಫ್ರೀಕ್ವೆನ್ಸಿಗಳನ್ನು ಪ್ರತ್ಯೇಕವಾಗಿ ಏರಿಸಿ ಇಳಿಸುವ ಸಾಧನ. ಅದಕ್ಕೆ ಎಲ್ಲರೂ ಹುಡುಕುವುದು ಸಿದ್ಧ ಅಂಕಿಗಳನ್ನು. 300 ಹರ್ಟ್ಸ್ (ಸೆಕೆಂಡಿಗೆ ಇಷ್ಟು ಕಂಪನ ಎಂಬ ಲೆಕ್ಕ) ಇಳಿಸಿ, 3 ಕಿಲೋಹರ್ಟ್ಸ್ ಏರಿಸಿ ಎಂಬಂಥವು. ಅವು ಪೂರಾ ಸುಳ್ಳಲ್ಲ, ಆದರೆ ಅವು ಇನ್ಯಾರದೋ ಕೋಣೆಯ, ಇನ್ಯಾರದೋ ಕಂಠದ ಅಂಕಿಗಳು. ನಿಮ್ಮ ರೆಕಾರ್ಡಿಂಗಿಗೆ ಬೇಕಾದ ಪರೀಕ್ಷೆ ಒಂದೇ: ಸ್ವರ ಬದಲಾದಾಗ ಕಾಡುವ ಸದ್ದೂ ಜೊತೆಗೆ ಜರುಗಿದರೆ ಅದು ಹಾಡಿನದು, ಬಿಟ್ಟುಬಿಡಿ. ಸ್ವರ ಎಲ್ಲಿಗೇ ಹೋದರೂ, ಆಕಾರ ಹೋಗಿ ಈಕಾರ ಬಂದರೂ ಅದು ಇದ್ದಲ್ಲೇ ಕೂತಿದ್ದರೆ ಕೋಣೆಯದೋ ಮೈಕಿನದೋ ಇರಬೇಕು. ಕತ್ತರಿ ಅದಕ್ಕೆ.

ಈಕ್ಯೂಗೆ ಕೈ ಹಾಕುವ ಮುಂಚೆ ಫ್ಯಾನು, ಎಸಿ, ಸಾಧ್ಯವಾದರೆ ಫ್ರಿಜ್ಜು ಬಂದ್ ಮಾಡಿ ಹಾಡಿಸಿ. ಹಾಡುವವರ ಬೆನ್ನ ಹಿಂದೆ ದಪ್ಪ ಕೌದಿ ತೂಗುಹಾಕಿ. ಬಾಯಿಗೂ ಮೈಕಿಗೂ ಒಂದು ಗೇಣು ಅಂತರವಿರಲಿ. ಒಂದೇ ದಿಕ್ಕಿನ ಸದ್ದು ಹಿಡಿಯುವ ಮೈಕುಗಳಿಗೆ ಹತ್ತಿರ ಹೋದಷ್ಟೂ ಬೇಸ್ ಉಬ್ಬುತ್ತದೆ. ಎಷ್ಟೋ ಸಲ ನಾವು ಕೋಣೆಯನ್ನು ಬೈಯುವ ದೋಷ ಇದರದ್ದು.

ಈಗ ಮೊದಲ ಹೆಜ್ಜೆ, ಲೋ ಕಟ್, ಅಂದರೆ ಒಂದು ಅಂಕಿಯ ಕೆಳಗಿನ ತಳದ ಸದ್ದನ್ನೆಲ್ಲ ತಗ್ಗಿಸುವುದು. ಲೋಕಲ್ ಟ್ರೇನಿನ ಗುಡುಗು, ನೆಲದ ಅದುರು ಎಲ್ಲ ತಳದಲ್ಲಿರುತ್ತವೆ. ಎಲ್ಲಿವರೆಗೆ ಕತ್ತರಿಸಬೇಕೆಂದು ಹೇಳುವುದು ಹಾಡುವವರ ಶ್ರುತಿ. ಪೇಟಿಯ, ಅಂದರೆ ಹಾರ್ಮೋನಿಯಂನ, ಕಪ್ಪು ಒಂದರ ಮನೆಯನ್ನು ಶ್ರುತಿಯಾಗಿಟ್ಟು ಹಾಡುವ ಗಂಡಸರ ಮಧ್ಯ ಷಡ್ಜ ಸುಮಾರು 139 ಹರ್ಟ್ಸ್, ಮಂದ್ರ ಪಂಚಮ 104. ಅವರಿಗೆ 80ರ ಲೋ ಕಟ್ ಸಾಕು; 120ಕ್ಕೆ ಏರಿಸಿದರೆ ಮಂದ್ರ ಪಂಚಮದ ಬುಡವೇ ತೆಳ್ಳಗಾಗುತ್ತದೆ. ಕಪ್ಪು ಐದರಲ್ಲಿ ಹಾಡುವ ಹೆಂಗಸರ ಷಡ್ಜ 233, ಮಂದ್ರ ಪಂಚಮ 175ರ ಆಸುಪಾಸು. ಅವರಿಗೆ 120 ನಡೆಯುತ್ತದೆ. ಇಳಿಜಾರು, ಅಂದರೆ ಕೆಳಗಿಳಿದಂತೆ ಸದ್ದು ತಗ್ಗುವ ಪ್ರಮಾಣ, ಆಕ್ಟೇವಿಗೆ (ಒಂದು ಸ್ಥಾಯಿಗೆ) 12 ಡಿಬಿ ಇದ್ದರೆ ಸಾಕು; ಡಿಬಿ ಎಂದರೆ ಡೆಸಿಬೆಲ್, ಸದ್ದಿನ ಜೋರಿನ ಅಳತೆ.

ಕರೆಂಟಿನ ಗುಂಯ್ ಸದ್ದು ಸೇರಿಕೊಂಡಿದ್ದರೆ ಅದು 50 ಹರ್ಟ್ಸ್ ಮತ್ತು ಅದರ ಮಡಿಗಳಾದ 100, 150ರಲ್ಲಿರುತ್ತದೆ. ಲೋ ಕಟ್ 50ನ್ನು ಸಾಕಷ್ಟು ತಗ್ಗಿಸುತ್ತದೆ. 100ಕ್ಕೆ ಬೇರೆ ನಾಚ್, ಅಂದರೆ ಆ ಒಂದು ಫ್ರೀಕ್ವೆನ್ಸಿಯನ್ನಷ್ಟೇ ತೆಗೆಯುವ ಕಚ್ಚು, ಹಾಕಬೇಕು, ತೀರಾ ಕಿರಿದಾಗಿ. ಕಟ್‌ನ ಅಗಲ ಹೇಳುವ ಕ್ಯೂ (ಅಂಕಿ ಹೆಚ್ಚಿದಷ್ಟೂ ಕಿರಿದು) 30 ಇಟ್ಟರೆ ಅದು 98ರಿಂದ 102ರೊಳಗೇ ಉಳಿದು, ಪಕ್ಕದ ಆ 104ರ ಪಂಚಮವನ್ನು ಹೆಚ್ಚುಕಮ್ಮಿ ಮುಟ್ಟುವುದಿಲ್ಲ.

ಮುಂದಿನದು ಕೊಡದೊಳಗೆ ಹಾಡಿದಂಥ ಸದ್ದು. ಇಲ್ಲಿ ಅವಸರ ಬೇಡ. ಈಕ್ಯೂವಿನ ಒಂದು ಬ್ಯಾಂಡನ್ನು (ಫ್ರೀಕ್ವೆನ್ಸಿಯ ಪಟ್ಟಿಯನ್ನು) 10 ಡಿಬಿ ಏರಿಸಿ ಅತ್ತಿಂದಿತ್ತ ಎಳೆದಾಡಿ, ಕೆಟ್ಟದಾಗಿ ಕೇಳಿದಲ್ಲೆಲ್ಲ ಕತ್ತರಿಸುವ ಪದ್ಧತಿ ಚಾಲ್ತಿಯಲ್ಲಿದೆ. ನನಗೆ ಅದರ ಮೇಲೆ ನಂಬಿಕೆ ಕಡಿಮೆ. 10 ಡಿಬಿ ಏರಿಸಿದರೆ ಯಾವ ಫ್ರೀಕ್ವೆನ್ಸಿಯೂ ಕರ್ಕಶವೇ. ಅದರ ಬದಲು ಹಾಡುವವರಿಂದ ನಿಧಾನವಾಗಿ ಮಂದ್ರ ಪಂಚಮದಿಂದ ತಾರ ಷಡ್ಜದವರೆಗೆ ಒಂದೊಂದೇ ಸ್ವರ ಹಿಡಿಸಿ ರೆಕಾರ್ಡ್ ಮಾಡಿ. ಆಕಾರದಲ್ಲೊಮ್ಮೆ, ಈಕಾರದಲ್ಲೊಮ್ಮೆ, ಊಕಾರದಲ್ಲೊಮ್ಮೆ. ಆಕಾರದಲ್ಲಿ ಮಾತ್ರ ಉಬ್ಬುವುದು ಬಾಯಿಯ ಆಕೃತಿಯಿಂದ, ಅದನ್ನು ಕೆಣಕಬೇಡಿ. ಮೂರರಲ್ಲೂ ಒಂದೇ ಸ್ವರ ಗುಮ್ಮೆಂದರೆ ಕೋಣೆಯ ಮೇಲೆ ಗುಮಾನಿ ಪಡಿ.

ಹತ್ತು ಅಡಿ ಅಂತರದ ಎರಡು ಗೋಡೆಗಳ ನಡುವೆ ಸುಮಾರು 56 ಹರ್ಟ್ಸಿನ ನಿಂತ ಅಲೆ ಹುಟ್ಟಿ ಆ ಸದ್ದು ಉಬ್ಬುತ್ತದೆ, ಅದರ ಮಡಿಗಳು 113 ಮತ್ತು 169. ನಮ್ಮ ಒನ್ ಬಿಎಚ್‌ಕೆಗಳ ಬೆಡ್‌ರೂಮಿನ ಅಳತೆಯೂ ಹೆಚ್ಚುಕಮ್ಮಿ ಅಷ್ಟೇ. ಕಪ್ಪು ಐದರವರ ಮಂದ್ರ ಪಂಚಮ 175 ಎಂದೆನಲ್ಲ, ಅದು ಈ 169ರ ಮಗ್ಗುಲಲ್ಲೇ ಬೀಳುತ್ತದೆ. ಹಾಗಾಗಿ ಆ ಒಂದು ಸ್ವರ ಮಾತ್ರ ಉಬ್ಬಿ, ಮೇಲಿನ ಧೈವತ ಸಪ್ಪಗಾಗಬಹುದು. ಖಾತ್ರಿಯಾಗಬೇಕೆ? ಶ್ರುತಿಯನ್ನು ಎರಡು ಮನೆ ಇಳಿಸಿ ಮತ್ತೆ ಹಾಡಿಸಿ. ಉಬ್ಬುವ ಸ್ವರ ಬದಲಾಗುತ್ತದೆ, ಹರ್ಟ್ಸ್ ಅಲ್ಲೇ ಇರುತ್ತದೆ. ಸಿಕ್ಕಿತಲ್ಲ, ಅಲ್ಲಿ ಕ್ಯೂ 6ರಷ್ಟಿಟ್ಟು 3 ಡಿಬಿ ಇಳಿಸಿ. ಇದಾದ ಮೇಲೂ ದನಿ ಒಟ್ಟಾರೆ ಮಂಕಾಗಿದ್ದರೆ 250ರಿಂದ 400ರ ನಡುವೆ ಅಗಲವಾಗಿ, ಕ್ಯೂ 1ರ ಸುತ್ತ, 2 ಡಿಬಿ ಇಳಿಸಿ ನೋಡಿ. ಅಲ್ಲಿ 6 ಡಿಬಿ ಬೇಕೆನಿಸಿದರೆ ಮೈಕಿನ ಜಾಗ ಬದಲಿಸಿ ಇನ್ನೊಮ್ಮೆ ಹಾಡಿಸುವುದೇ ವಾಸಿ.

ತಾರ ಸ್ಥಾಯಿಯಲ್ಲಿ ಕಿವಿಗೆ ಚುಚ್ಚುವುದು ಸಾಮಾನ್ಯವಾಗಿ 2.5ರಿಂದ 4 ಕಿಲೋಹರ್ಟ್ಸಿನಲ್ಲಿ. ಕಿವಿಯ ನಾಳವೇ ಅಲ್ಲಿ ಅನುರಣಿಸುವುದರಿಂದ ನಮಗೆ ಅದು ಹೆಚ್ಚು ಜೋರಾಗಿ ಕೇಳುತ್ತದೆ. ಆದರೆ ಸಾಹಿತ್ಯ ಸ್ಪಷ್ಟವಾಗುವುದೂ ಅಲ್ಲಿಯೇ, ಆದ್ದರಿಂದ 1-2 ಡಿಬಿಗಿಂತ ಹೆಚ್ಚು ತೆಗೆಯಬೇಡಿ. ಸಕಾರ, ಶಕಾರಗಳ ಸಿಳ್ಳು 5ರಿಂದ 9 ಕಿಲೋಹರ್ಟ್ಸಿನದು. ಅದಕ್ಕೆ ಈಕ್ಯೂ ತಕ್ಕ ಮದ್ದಲ್ಲ. ‘ಶ್ರೀನಿವಾಸ’ದಲ್ಲಿ ಶ್ರೀ ಮತ್ತು ಸ ಮಾತ್ರ ಚುಚ್ಚುತ್ತವೆ, 7 ಕಿಲೋಹರ್ಟ್ಸನ್ನು ಇಡೀ ಹಾಡಿಗೆ ಕತ್ತರಿಸಿದರೆ ‘ನಿವಾ’ ಕೂಡ ಮಬ್ಬಾಗುತ್ತದೆ. ಸಿಳ್ಳು ಬಂದಾಗ ಮಾತ್ರ ಅದನ್ನು ತಗ್ಗಿಸುವ ಡಿ-ಎಸ್ಸರ್ ಹಾಕಿ, ಇಲ್ಲವೇ ಆ ಅಕ್ಷರಗಳ ವಾಲ್ಯೂಮನ್ನಷ್ಟೇ ಕೈಯಿಂದ ತಗ್ಗಿಸಿ.

ದನಿ ಒಂಟಿಯಾಗಿ ಚೆನ್ನಾಗಿದ್ದು, ಪೇಟಿ ಸೇರಿದೊಡನೆ ಮುಳುಗಿದರೆ ತಪ್ಪು ದನಿಯದಲ್ಲ. ಪೇಟಿ ಅದೇ ಸ್ವರಗಳನ್ನೇ ಅನುಸರಿಸಿ ನುಡಿಸುವುದರಿಂದ ದನಿಯ ಜಾಗವನ್ನೇ ಆಕ್ರಮಿಸುತ್ತದೆ. ಪೇಟಿಯ ಟ್ರ್ಯಾಕಿನಲ್ಲಿ 2ರಿಂದ 3 ಕಿಲೋಹರ್ಟ್ಸನ್ನು ಅಗಲವಾಗಿ 3 ಡಿಬಿ ಇಳಿಸಿ, ದನಿಯನ್ನು ಇದ್ದ ಹಾಗೇ ಬಿಡಿ. ದನಿಯೊಂದನ್ನೇ ಕೇಳಿಸುವ ಸೋಲೋ ಬಟನ್ ಒತ್ತಿಕೊಂಡು ಗಂಟೆಗಟ್ಟಲೆ ಈಕ್ಯೂ ಮಾಡುವವರಿಗೆ ಇದು ಹೊಳೆಯುವುದೇ ಇಲ್ಲ.

ಜೋರಾದ ಸದ್ದನ್ನು ತಾನಾಗಿ ತಗ್ಗಿಸುವ ಕಂಪ್ರೆಸರ್ ಹಾಕುವುದಾದರೆ ಈ ಕಟ್‌ಗಳೆಲ್ಲ ಅದರ ಮುಂಚೆ ಬರಲಿ, ಇಲ್ಲದಿದ್ದರೆ ಅದು ಗುಡುಗಿಗೂ ಗುಮ್ಮಿಗೂ ಸ್ಪಂದಿಸಿ ದನಿಯನ್ನು ಅದುಮುತ್ತದೆ.

ಇನ್ನು ಹೋಲಿಸಿ ನೋಡುವ ಕೆಲಸ. ಕತ್ತರಿಸಿದ ಮೇಲೆ ದನಿ ಸ್ವಲ್ಪ ಸಣ್ಣಗಾಗಿರುತ್ತದೆ. ಈಕ್ಯೂ ಇಲ್ಲದೆ ಕೇಳಿಸುವ ಬೈಪಾಸ್ ಒತ್ತಿದರೆ ಹಳೆಯದೇ ಜೋರಾಗಿ, ಹಾಗಾಗಿ ಚೆನ್ನಾಗಿ ಕೇಳುತ್ತದೆ. ಎರಡರ ವಾಲ್ಯೂಮ್ ಸರಿಸಮ ಮಾಡಿಕೊಂಡೇ ಹೋಲಿಸಿ. ಪಕ್ಕದ ಮನೆಯವರಿಗೆ ಹೆದರಿ ರಾತ್ರಿ ಹನ್ನೊಂದಕ್ಕೆ ತೀರಾ ಮೆಲ್ಲಗೆ ಕೇಳುತ್ತ ಬೇಸ್ ತೀರ್ಮಾನಿಸುವುದೂ ಬೇಡ. ಸದ್ದು ಇಳಿದಷ್ಟೂ ನಮ್ಮ ಕಿವಿಗೆ ಬೇಸ್ ಇನ್ನಷ್ಟು ಕಮ್ಮಿ ಕೇಳುತ್ತದೆ, ವಿಜ್ಞಾನಿಗಳಾದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ರೇಖೆ ಬರೆದರು. ರಾತ್ರಿ ಕಮ್ಮಿಯೆನಿಸಿ ಏರಿಸಿದ್ದು ಸಂಘದ ಸಭಾಂಗಣದ ಸ್ಪೀಕರಿನಲ್ಲಿ ಗುಡುಗುತ್ತದೆ.

ಕೊನೆಗೆ ಫೋನಿನಲ್ಲೂ ಹೆಡ್‌ಫೋನಿನಲ್ಲೂ ಕೇಳಿ. ಫೋನಿನ ಪುಟ್ಟ ಸ್ಪೀಕರಿನಿಂದ 200 ಹರ್ಟ್ಸಿನ ಕೆಳಗಿನದು ಹೊರಗೆ ಬರುವುದೇ ಅಪರೂಪ. ಅಲ್ಲಿ ನೋಡಬೇಕಾದ್ದು ಸಾಹಿತ್ಯ ಅರ್ಥವಾಗುತ್ತದೆಯೇ, ಸಕಾರ ಚುಚ್ಚುತ್ತದೆಯೇ ಎಂದಷ್ಟೇ. ಗುಮ್ಮಿನ ತೀರ್ಪು ಹೆಡ್‌ಫೋನಿನದು.