ಪ್ಯಾನ್ ಇಳಿಸದೆ ಎಣ್ಣೆ ಬದಲಾಯಿಸಬೇಡಿ

ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ ಬದಲಾಯಿಸಲು ಅಮೆರಿಕದ ಗ್ಯಾರೇಜುಗಳಲ್ಲಿ ಎರಡು ಕ್ರಮಗಳಿವೆ. ಯಂತ್ರವೊಂದನ್ನು ಜೋಡಿಸಿ, ಹೊಸ ಎಣ್ಣೆಯನ್ನು ನುಗ್ಗಿಸುತ್ತ ಹಳೆಯದನ್ನು ಹೊರಗೆ ತಳ್ಳುವುದು ಒಂದು. ಗೇರ್‌ಬಾಕ್ಸಿನ ತಳದಲ್ಲಿರುವ ಪ್ಯಾನನ್ನು ಬಿಚ್ಚಿ, ಎಣ್ಣೆ ಸುರಿಸಿ, ಫಿಲ್ಟರ್ ಬದಲಾಯಿಸಿ ಮತ್ತೆ ತುಂಬುವುದು ಇನ್ನೊಂದು. ಮೊದಲನೆಯದು ಬೇಗ ಮುಗಿಯುತ್ತದೆ, ಹೆಚ್ಚು ಎಣ್ಣೆಯೂ ಬದಲಾಗುತ್ತದೆ. ಆದರೂ ನಾನು ಎರಡನೆಯದರ ಕಡೆಯವನು. ಪ್ಯಾನಿನ ತಳದಲ್ಲಿ ಏನು ಕುಳಿತಿದೆ ಎಂದು ನೋಡದೆ ಹೊಸ ಎಣ್ಣೆ ಹಾಕುವುದು ರಕ್ತಪರೀಕ್ಷೆ ಮಾಡಿಸದೆ ಔಷಧಿ ನುಂಗಿದ ಹಾಗೆ. ಆ ನೋಟಕ್ಕಾಗಿಯಾದರೂ ಬೋಲ್ಟುಗಳನ್ನು ಬಿಚ್ಚಬೇಕು.

ನನ್ನದು 2005ರ ಷೆವರ್ಲೆ ಸಿಲ್ವರಾಡೊ 1500 ಪಿಕಪ್. 5.3 ಲೀಟರಿನ ವಿ8 ಎಂಜಿನ್, ಹಿಂದಿನ ಚಕ್ರಗಳಿಗೆ ಮಾತ್ರ ಚಾಲನೆ. ಟೆಕ್ಸಾಸಿನಲ್ಲಿ ಮನೆ ಮಾಡಿಕೊಂಡ ಮೇಲೆ ಬೇರೆಯವರಿಂದ ಕೊಂಡದ್ದು. ಗೇರ್‌ಬಾಕ್ಸ್ ಜನರಲ್ ಮೋಟರ್ಸ್‌ನ 4ಎಲ್60-ಇ. 1982ರಲ್ಲಿ ಬಂದ 700ಆರ್4ರ ಮುಂದುವರಿದ ರೂಪ ಇದು. ನಾಲ್ಕು ಗೇರು, ಎಲೆಕ್ಟ್ರಾನಿಕ್ ನಿಯಂತ್ರಣ. ಲಕ್ಷಾಂತರ ಗಾಡಿಗಳಲ್ಲಿ ಇದೇ ಇರುವುದರಿಂದ ಬಿಡಿಭಾಗ ಎಲ್ಲ ಅಂಗಡಿಗಳಲ್ಲೂ ಸಿಗುತ್ತದೆ. ಕಲಿಯಲು ಇದಕ್ಕಿಂತ ಒಳ್ಳೆಯ ಪೆಟ್ಟಿಗೆ ಇಲ್ಲ.

ಸಾಧಾರಣ ಬಳಕೆಯಾದರೆ 1,00,000 ಮೈಲಿಗೆ, ಕಠಿಣ ಬಳಕೆಯಾದರೆ 50,000 ಮೈಲಿಗೆ ಎಣ್ಣೆ ಮತ್ತು ಫಿಲ್ಟರ್ ಬದಲಾಯಿಸಿ ಎನ್ನುತ್ತದೆ ಗಾಡಿಯ ಕೈಪಿಡಿ. ಟ್ರೇಲರ್ ಎಳೆಯುವುದು, ಬೆಟ್ಟದ ದಾರಿ, ಮತ್ತೆ ಮತ್ತೆ 32 ಡಿಗ್ರಿ ಸೆಲ್ಸಿಯಸ್ ದಾಟುವ ಊರಿನ ದಟ್ಟ ಸಂಚಾರ, ಇವೆಲ್ಲ ಕಠಿಣ ಬಳಕೆಯ ಪಟ್ಟಿಯಲ್ಲಿವೆ. ಟೆಕ್ಸಾಸಿನ ನಗರದಲ್ಲಿರುವವನಿಗೆ ಎರಡನೆಯ ಲೆಕ್ಕವೇ ಸರಿ. ಹಿಂದಿನ ಮಾಲೀಕರ ಕಾಗದಪತ್ರಗಳಲ್ಲಿ ಈ ಕೆಲಸದ ಸುಳಿವೇ ಇರಲಿಲ್ಲ. ಎಣ್ಣೆಯ ಮಟ್ಟ ನೋಡುವ ಕಡ್ಡಿಯನ್ನು, ಎಂದರೆ ಡಿಪ್‌ಸ್ಟಿಕ್ಕನ್ನು, ಎಳೆದು ಬಿಳಿ ಕಾಗದದ ಮೇಲೆ ಒಂದು ತೊಟ್ಟು ಬಿಟ್ಟೆ. ಚೆರ್ರಿ ಕೆಂಪು ಇರಬೇಕಾದದ್ದು ಕಂದಾಗಿತ್ತು. ಆದರೆ ಸುಟ್ಟ ವಾಸನೆ ಇರಲಿಲ್ಲ, ಗೇರು ಜಾರುತ್ತಲೂ ಇರಲಿಲ್ಲ.

‘ಬಹಳ ಓಡಿದ ಗೇರ್‌ಬಾಕ್ಸಿನ ಎಣ್ಣೆ ಮುಟ್ಟಬೇಡಿ, ಮುಟ್ಟಿದರೆ ಕೆಡುತ್ತದೆ’ ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಜನ ಎಣ್ಣೆಯ ಗೋಜಿಗೆ ಹೋಗುವುದೇ ಗೇರು ಜಾರಲು ಶುರುವಾದ ಮೇಲೆ. ಅಷ್ಟು ಹೊತ್ತಿಗೆ ಒಳಗಿನ ಕ್ಲಚ್ ತಟ್ಟೆಗಳು ಸವೆದು ಮುಗಿದಿರುತ್ತವೆ. ತಿಂಗಳೊಪ್ಪತ್ತಿನಲ್ಲಿ ಗೇರ್‌ಬಾಕ್ಸ್ ನಿಲ್ಲುತ್ತದೆ. ಅಪವಾದ ಹೊಸ ಎಣ್ಣೆಯ ತಲೆಗೆ ಬರುತ್ತದೆ. ಜಾರುತ್ತಿರುವ ಗೇರ್‌ಬಾಕ್ಸಿಗೆ ಎಣ್ಣೆ ಮದ್ದಲ್ಲ. ಸರಿಯಾಗಿ ನಡೆಯುತ್ತಿರುವುದಕ್ಕೆ ಎಣ್ಣೆ ಬದಲಾಯಿಸಲು ಹೆದರಬೇಕಾಗಿಲ್ಲ.

ಎಣ್ಣೆಯ ವಿಷಯದಲ್ಲಿ ಗೊಂದಲವಿಲ್ಲ. ಈ ಗಾಡಿ ಬಂದಾಗ ಜನರಲ್ ಮೋಟರ್ಸ್ ಗೊತ್ತುಮಾಡಿದ ಡೆಕ್ಸ್‌ರಾನ್-3 ಎಂಬ ದರ್ಜೆಯ ಎಣ್ಣೆ ಚಾಲ್ತಿಯಲ್ಲಿತ್ತು. ಆಮೇಲೆ ಡೆಕ್ಸ್‌ರಾನ್-6 ಬಂದು ಅದರ ಜಾಗ ಹಿಡಿಯಿತು, ಹಳೆಯ ಗೇರ್‌ಬಾಕ್ಸುಗಳಿಗೂ ಅದೇ ನಡೆಯುತ್ತದೆ. ಎಚ್ಚರ ಬೇಕಾದದ್ದು ಪ್ಯಾನ್ ಮತ್ತು ಫಿಲ್ಟರ್ ಕೊಳ್ಳುವಾಗ. 4ಎಲ್60-ಇಗೆ ಆಳದ ಪ್ಯಾನೂ ಇದೆ, ಆಳವಿಲ್ಲದ್ದೂ ಇದೆ, ಎರಡಕ್ಕೂ ಫಿಲ್ಟರ್ ಬೇರೆ. ಆಳದ ಪ್ಯಾನಿಗೆ ಗಿಡ್ಡ ಫಿಲ್ಟರ್ ಹಾಕಿದರೆ ಅದರ ಬಾಯಿ ಎಣ್ಣೆಯ ಮೇಲ್ಮಟ್ಟಕ್ಕೆ ಹತ್ತಿರವಾಗಿ, ತಿರುವಿನಲ್ಲಿ ಗಾಳಿ ಹೀರುತ್ತದೆ. ನನ್ನ ಹಳೆಯ ಪ್ಯಾನಿನಲ್ಲಿ ಎಣ್ಣೆ ಇಳಿಸುವ ಬಿರಡೆ ಇರಲಿಲ್ಲ. ಅಷ್ಟೇ ಆಳದ, ಬಿರಡೆ ಇರುವ ಉಕ್ಕಿನ ಪ್ಯಾನ್ ತಂದೆ. ರೆಕ್ಕೆ ರೆಕ್ಕೆಯ ಹೊಳೆಯುವ ಅಲ್ಯೂಮಿನಿಯಂ ಪ್ಯಾನುಗಳೂ ಇದ್ದವು. ಭಾರದ ಟ್ರೇಲರ್ ಎಳೆಯದವನಿಗೆ ಅದು ಶೋಕಿ.

ಕೆಲಸದ ದಿನ ಜೊತೆಗಿದ್ದವರು ಹಾಸನದಿಂದ ಬಂದಿದ್ದ ನಮ್ಮ ಮಾವ. ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ಕೈಯಿಂದ ಗೇರು ಹಾಕುವ ಬಸ್ಸುಗಳ ಪೆಟ್ಟಿಗೆಗಳನ್ನು ಲೆಕ್ಕವಿಲ್ಲದಷ್ಟು ಬಿಚ್ಚಿದವರು, ಆಟೋಮ್ಯಾಟಿಕ್ ಮಾತ್ರ ಬಿಚ್ಚಿರಲಿಲ್ಲ. ಮುಂದಿನ ಚಕ್ರಗಳನ್ನು ರ‍್ಯಾಂಪ್ ಮೇಲೆ ಹತ್ತಿಸಿ, ಪಾರ್ಕಿಂಗ್ ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಅಡೆ ಕೊಟ್ಟೆವು. ಚಾಸಿಗೆ ಜಾಕ್ ಸ್ಟ್ಯಾಂಡುಗಳನ್ನೂ ಒಡ್ಡಿದೆವು. ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ನಾನು ಕೈಯನ್ನೂ ಇಡುವುದಿಲ್ಲ. ಸ್ವಲ್ಪ ಓಡಿಸಿ ಬಂದಿದ್ದ ಗಾಡಿ ಆರಲಿ ಎಂದು ಕಾಫಿ ಕುಡಿದೆವು. ಎಣ್ಣೆ ಬೆಚ್ಚಗಿರಬೇಕು, ಬಿಸಿ ಇರಬಾರದು. ಬಿಸಿ ಎಣ್ಣೆ ಮೊಣಕೈವರೆಗೂ ಇಳಿದು ಬೊಬ್ಬೆ ಎಬ್ಬಿಸುತ್ತದೆ.

ಪ್ಯಾನಿಗೆ ಹದಿನಾರು ಬೋಲ್ಟುಗಳು, ತಲೆ 10 ಮಿಲಿಮೀಟರ್. ಚಾಲಕನ ಬದಿಯಲ್ಲಿ ಗೇರ್ ಕೇಬಲಿನ ಬ್ರ್ಯಾಕೆಟ್ ಒಂದೆರಡು ಬೋಲ್ಟುಗಳಿಗೆ ಅಡ್ಡ ಕುಳಿತಿರುತ್ತದೆ. ಅದನ್ನು ಸುಳ್ಳೆ ಬಗ್ಗಿಸಲು ಹೋಗದೆ ಬಿಚ್ಚಿ ಪಕ್ಕಕ್ಕೆ ಸರಿಸಬೇಕು. ಇನ್ನು ಎಣ್ಣೆ ಮೈಮೇಲೆ ಬೀಳದಂತೆ ಇಳಿಸುವ ಉಪಾಯ: ಗಾಡಿಯ ಮೂಗು ಮೇಲಿರುವುದರಿಂದ ಎಣ್ಣೆ ಹಿಂದಕ್ಕೆ ಸೇರಿರುತ್ತದೆ. ಮುಂದಿನ ಸಾಲಿನ ಬೋಲ್ಟುಗಳನ್ನು ಕೆಲವೇ ಸುತ್ತು ಸಡಿಲಿಸಿ ಹಾಗೇ ಬಿಟ್ಟು, ಪಕ್ಕದವನ್ನು ತೆಗೆದು, ಹಿಂದಿನವನ್ನು ಕೊನೆಗೆ ತೆಗೆಯಬೇಕು. ಆಗ ಪ್ಯಾನಿನ ಹಿಂದಿನ ಅಂಚು ಕೆಳಕ್ಕೆ ವಾಲಿ, ಎಣ್ಣೆ ಒಂದೇ ಕಡೆಯಿಂದ ಇಳಿಯುತ್ತದೆ. ಅಂಚು ಸೋರದಂತೆ ನಡುವೆ ಕೂರಿಸಿರುವ ಗ್ಯಾಸ್ಕೆಟ್ ಹಿಡಿದುಕೊಂಡಿದ್ದರೆ ರಬ್ಬರ್ ಸುತ್ತಿಗೆಯಲ್ಲಿ ಮೂಲೆಗೆ ತಟ್ಟಿದರೆ ಸಾಕು. ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಅಲ್ಯೂಮಿನಿಯಂ ಅಂಚಿಗೆ ಗೀರು ಬಿದ್ದು, ಆ ಗೀರು ಮುಂದೆ ಸೋರುತ್ತಲೇ ಇರುತ್ತದೆ. ತೊಟ್ಟಿ ಅಗಲವಾಗಿರಲಿ, ಕೆಳಗೆ ರಟ್ಟು ಹಾಸಿರಲಿ.

‘ಅಳಿಯಂದಿರೇ, ಇದೇನು ಇಷ್ಟು ತೆಳ್ಳಗೆ? ಇದು ಗೇರ್ ಆಯಿಲ್ಲೇ?’ ಎಂದರು ಮಾವ, ಹೆಬ್ಬೆರಳು ತೋರುಬೆರಳ ನಡುವೆ ಎಣ್ಣೆಯನ್ನು ಉಜ್ಜುತ್ತ. ಬಸ್ಸಿನ ಗೇರ್ ಆಯಿಲ್ ಕಾಕಂಬಿಯಷ್ಟು ಮಂದ. ಇಲ್ಲಿ ಎಣ್ಣೆಗೆ ಹಲ್ಲುಗಳನ್ನು ನಯವಾಗಿಡುವುದಷ್ಟೇ ಕೆಲಸವಲ್ಲ. ಪಂಪಿನಿಂದ ಹೊರಟು, ಕೂದಲೆಳೆಯಂಥ ದಾರಿಗಳಲ್ಲಿ ಹಾಯ್ದು, ಒತ್ತಡದಿಂದ ಕ್ಲಚ್ಚುಗಳನ್ನು ಹಿಡಿಸುವುದೂ ಅದೇ, ಟಾರ್ಕ್ ಕನ್ವರ್ಟರಿನಲ್ಲಿ ಎಂಜಿನ್ನಿನ ಶಕ್ತಿ ದಾಟಿಸುವುದೂ ಅದೇ. ಹೀಗೆಂದಾಗ ಅವರು ಬೆರಳನ್ನು ಇನ್ನೊಮ್ಮೆ ಉಜ್ಜಿ ನೋಡಿದರು. ‘ಹರಳು ತಾಕುತ್ತಿಲ್ಲ’ ಎಂದರು. ಆ ಪರೀಕ್ಷೆ ಎಲ್ಲ ಗೇರ್‌ಬಾಕ್ಸಿಗೂ ಒಂದೇ.

ಪ್ಯಾನಿನ ಮೂಲೆಯಲ್ಲಿ ಒಂದು ಅಯಸ್ಕಾಂತವಿದೆ. ಅದರ ಮೇಲೆ ಬೂದು ಬಣ್ಣದ ಕೆಸರು ಬೆರಳ ದಪ್ಪಕ್ಕೆ ಹತ್ತಿತ್ತು. ಮುಟ್ಟಿದರೆ ಗ್ರೀಸಿನಂತೆ ಮೃದು. ಅದು ವರ್ಷಗಳ ಸವೆತದ ನುಣ್ಣನೆಯ ಕಬ್ಬಿಣದ ಪುಡಿ, ಹೆದರಬೇಕಾದ್ದಲ್ಲ. ಕೆಸರನ್ನು ಕಾಗದದ ಮೇಲೆ ಸವರಿ ಬಿಸಿಲಿಗೆ ಹಿಡಿದು ನೋಡಿದೆ. ಸೂಜಿಯಂಥ ಚೂರು, ಬ್ಲೇಡಿನಂಥ ಸಿಪ್ಪೆ, ಹಿತ್ತಾಳೆಯ ಹಳದಿ ಮಿನುಗು ಯಾವುದೂ ಇರಲಿಲ್ಲ. ಇದ್ದಿದ್ದರೆ ಹೊಸ ಎಣ್ಣೆಯ ದುಡ್ಡನ್ನು ಹಾಗೇ ಉಳಿಸಿ, ಗೇರ್‌ಬಾಕ್ಸ್ ಬಿಚ್ಚುವವರ ವಿಳಾಸ ಹುಡುಕುತ್ತಿದ್ದೆ.

ಕೆಸರಿನ ಪಕ್ಕದಲ್ಲಿ ಇನ್ನೊಂದು ವಸ್ತು ಸಿಕ್ಕಿತು: ಒಂದು ಸಣ್ಣ ಪ್ಲಾಸ್ಟಿಕ್ ಬಿರಡೆ. ಏನೋ ಮುರಿದು ಬಿದ್ದಿದೆ ಎಂದು ಮಾವ ಗಾಬರಿಯಾದರು. ಮುರಿದದ್ದಲ್ಲ. ಡಿಪ್‌ಸ್ಟಿಕ್ ಕೊಳವೆ ಕೂರುವ ತೂತಿಗೆ ಧೂಳು ಹೋಗದಿರಲೆಂದು ಕಾರ್ಖಾನೆಯಲ್ಲಿ ಹಾಕಿದ ಮುಚ್ಚಳ ಅದು. ಗಾಡಿ ಜೋಡಿಸುವಾಗ ಕೊಳವೆಯನ್ನು ತುರುಕಿದರೆ ಮುಚ್ಚಳ ಒಳಗೆ ಬಿದ್ದು ಪ್ಯಾನಿನಲ್ಲೇ ಉಳಿಯುತ್ತದೆ. ಯಾರಾದರೂ ಒಮ್ಮೆ ಪ್ಯಾನ್ ಇಳಿಸಿದ್ದರೆ ಅದನ್ನು ಎಸೆದಿರುತ್ತಿದ್ದರು. ಎಂದರೆ ಈ ಪ್ಯಾನ್ ಹುಟ್ಟಿದಾಗಿನಿಂದ ಇಳಿದೇ ಇಲ್ಲ. ಮೆಷಿನ್ ಹಚ್ಚಿ ಎಣ್ಣೆ ತಳ್ಳಿಸಿದ್ದರೆ ಈ ಸಾಕ್ಷಿ ನನಗೆ ಸಿಗುತ್ತಿರಲಿಲ್ಲ.

ಫಿಲ್ಟರಿಗೆ ಬೋಲ್ಟ್ ಇಲ್ಲ. ತಿರುಚುತ್ತ ಕೆಳಕ್ಕೆ ಎಳೆದರೆ ಬರುತ್ತದೆ, ಜೊತೆಗೆ ಇನ್ನೂ ಒಂದಿಷ್ಟು ಎಣ್ಣೆ. ಅದರ ಕತ್ತು ಕೂತಿದ್ದ ಸೀಲ್ ಮಾತ್ರ ಮೇಲೆಯೇ ಪಂಪಿನ ತೂತಿನಲ್ಲಿ ಉಳಿಯುತ್ತದೆ. ಇಡೀ ಕೆಲಸದಲ್ಲಿ ನಿಧಾನ ಬೇಕಾದದ್ದು ಈ ಸೀಲ್ ತೆಗೆಯುವಾಗ. ಸೀಲಿನ ಲೋಹದ ಉಂಗುರವನ್ನು ಒಳಮುಖವಾಗಿ ಮಡಚಿ ಎಳೆಯಬೇಕು, ತೂತಿನ ಗೋಡೆಗೆ ಉಗುರೂ ತಾಕಬಾರದು. ಗೋಡೆಗೆ ಗೀರು ಬಿದ್ದರೆ ಪಂಪು ಎಣ್ಣೆಯ ಜೊತೆ ಗಾಳಿ ಎಳೆಯುತ್ತದೆ. ಹೊಸ ಸೀಲಿಗೆ ಎಣ್ಣೆ ಸವರಿ, ಅದೇ ಅಳತೆಯ ಸಾಕೆಟ್ ಇಟ್ಟು ಮೆಲ್ಲಗೆ ತಟ್ಟಿ ಕೂರಿಸಿದೆ. ಫಿಲ್ಟರ್ ಅಂಗೈಯ ಒತ್ತಿಗೇ ಕೂತಿತು.

ಗ್ಯಾಸ್ಕೆಟಿನ ಹೊತ್ತಿಗೆ ನಮ್ಮಿಬ್ಬರಿಗೆ ಅಭಿಪ್ರಾಯಭೇದ. ಎರಡೂ ಬದಿ ಅನಾಬಾಂಡ್ ಅಂಟು ಹಚ್ಚದೆ ಗ್ಯಾಸ್ಕೆಟ್ ಕೂರಿಸುವುದು ಮಾವನಿಗೆ ಅರ್ಧ ಕೆಲಸ. ಈ ಗೇರ್‌ಬಾಕ್ಸಿನ ಗ್ಯಾಸ್ಕೆಟ್ ನಡುವೆ ಉಕ್ಕಿನ ಹಾಳೆ ಇರುವ ರಬ್ಬರಿನದು, ಒಣಗಿಸಿದ ಅಂಚಿಗೆ ಒಣದಾಗಿಯೇ ಕೂರಬೇಕು. ಅಂಟು ಹಚ್ಚಿದರೆ ಒತ್ತಿದಾಗ ಒಳಕ್ಕೆ ಉಬ್ಬಿ, ಚೂರಾಗಿ ಫಿಲ್ಟರಿನ ಬಾಯಿಗೆ ಹೋಗಬಹುದು. ‘ಸೋರಿದರೆ ನೀವೇ ಒರೆಸಿ’ ಎಂದು ಅವರು ಕೈ ತೊಳೆದುಕೊಂಡರು. ಬೋಲ್ಟುಗಳನ್ನು ಮೊದಲು ಬೆರಳಲ್ಲಿ ತಿರುಗಿಸಿ, ಆಮೇಲೆ ಎದುರುಬದುರಾಗಿ ಬಿಗಿದೆ. ಬಿಗಿ 11 ನ್ಯೂಟನ್-ಮೀಟರ್, ಅಮೆರಿಕದ ಲೆಕ್ಕದಲ್ಲಿ 97 ಇಂಚು-ಪೌಂಡ್. ಇಂಚು ಎಂಬುದನ್ನು ಅಡಿ ಎಂದು ಓದಿಕೊಂಡವರ ಬೋಲ್ಟ್ ಒಳಗೇ ಮುರಿಯುತ್ತದೆ. ಚಕ್ರ ಬಿಗಿಯುವ ದೊಡ್ಡ ಟಾರ್ಕ್ ರೆಂಚ್ ಇಷ್ಟು ಕಡಿಮೆ ಬಿಗಿಯನ್ನು ತೋರಿಸುವುದಿಲ್ಲ, ಕಾಲಿಂಚಿನ ಸಣ್ಣದು ಬೇಕು.

ತುಂಬುವುದು ಡಿಪ್‌ಸ್ಟಿಕ್ ಕೊಳವೆಯಿಂದ, ಉದ್ದ ಕತ್ತಿನ ಆಲಿಕೆಯಲ್ಲಿ. ಇಳಿದ ಎಣ್ಣೆಯನ್ನು ಹಾಲಿನ ಕ್ಯಾನುಗಳಿಗೆ ಬಗ್ಗಿಸಿ ಅಳೆದಿದ್ದೆ. ಅದಕ್ಕಿಂತ ತುಸು ಕಡಿಮೆ ಹಾಕಿ, ಗಾಡಿಯನ್ನು ಸಮತಟ್ಟಿಗೆ ಇಳಿಸಿ, ಬ್ರೇಕ್ ಒತ್ತಿ ಹಿಡಿದು, ಎಲ್ಲ ಗೇರುಗಳಲ್ಲೂ ಮೂರು ಮೂರು ಸೆಕೆಂಡ್ ನಿಲ್ಲಿಸಿ ಪಾರ್ಕಿಗೆ ತಂದೆ. ನಿಜವಾದ ಅಳತೆ ಎಣ್ಣೆ 82ರಿಂದ 93 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಮೇಲೆ, ಎಂಜಿನ್ ಓಡುತ್ತಿರುವಾಗಲೇ. ತಣ್ಣಗಿರುವಾಗ ಗೆರೆಯವರೆಗೆ ತುಂಬಿಬಿಟ್ಟರೆ, ಬಿಸಿಯಾಗಿ ಹಿಗ್ಗಿದಾಗ ಹೆಚ್ಚಾಗಿ, ನೊರೆ ಎದ್ದು ಗಾಳಿಗಂಡಿಯಿಂದ ಹೊರಗೆ ಉಕ್ಕುತ್ತದೆ. ಊರಾಚೆ ಒಂದು ಸುತ್ತು ಹೋಗಿ ಬಂದು, ಪ್ಯಾನಿಗೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ನೋಡಿ, ಡಿಪ್‌ಸ್ಟಿಕ್ಕಿನ ಎರಡೂ ಬದಿ ಓದಿದೆ. ಎರಡರಲ್ಲಿ ಕಡಿಮೆ ತೋರಿಸುವ ಬದಿಯೇ ಲೆಕ್ಕಕ್ಕೆ. ಸ್ವಲ್ಪ ಕಡಿಮೆ ಇತ್ತು, ಸೇರಿಸಿದೆ.

ಪ್ಯಾನ್ ಇಳಿಸಿದರೆ ಬರುವುದು 4.7 ಲೀಟರ್, ಕನ್ವರ್ಟರೂ ಸೇರಿ ಒಟ್ಟು ಹಿಡಿಯುವುದು 10.6 ಲೀಟರ್. ಎಂದರೆ ಒಂದು ಸಲಕ್ಕೆ ಹೊಸದಾಗುವುದು ಶೇಕಡಾ 44. ಯಂತ್ರದವರು ಹೀಯಾಳಿಸುವುದು ಇದನ್ನೇ. ಈಗ ಪ್ಯಾನಿಗೆ ಬಿರಡೆ ಇದೆಯಲ್ಲ! ಕೆಲವು ವಾರ ಓಡಿಸಿ ಮತ್ತೊಮ್ಮೆ ಇಳಿಸಿ ತುಂಬಿದರೆ ಹೆಚ್ಚುಕಡಿಮೆ ಶೇಕಡಾ 69, ಇನ್ನೊಮ್ಮೆ ಮಾಡಿದರೆ 83. ಆ ಸಲಗಳಲ್ಲಿ ಗ್ಯಾಸ್ಕೆಟ್ ತೆಗೆಯುವ ಗೊಡವೆ ಇಲ್ಲ, ಒಂದೇ ಬೋಲ್ಟು. ನಾನು ಎರಡನೆಯ ಸಲದ್ದನ್ನು ಮುಗಿಸಿದ್ದೇನೆ. ಕಾಗದದ ಮೇಲೆ ತೊಟ್ಟು ಈಗ ಕೆಂಪಗೇ ಕಾಣುತ್ತದೆ. ಪ್ಯಾನಿನ ಅಂಚಿಗೆ ಬಿಳಿ ಟಿಶ್ಯೂ ಸವರಿ ನೋಡುತ್ತಿರುತ್ತೇನೆ, ಒಣಗಿಯೇ ಇದೆ. ಫೋಟೋ ತೆಗೆದು ಮಾವನಿಗೂ ಕಳುಹಿಸಿದೆ. ಹಳೆಯ ಎಣ್ಣೆಯನ್ನು ಇಲ್ಲಿ ಬಿಡಿಭಾಗದ ದೊಡ್ಡ ಅಂಗಡಿಗಳೇ ಪುಕ್ಕಟೆಯಾಗಿ ತೆಗೆದುಕೊಳ್ಳುತ್ತವೆ. ಕ್ಯಾನಿನ ಬಾಯಿ ಬಿಗಿಯಾಗಿ ಮುಚ್ಚಿ ಒಯ್ಯಿರಿ, ಕೂಲೆಂಟ್ ಜೊತೆ ಬೆರೆಸಬೇಡಿ. ಬೆರೆತದ್ದನ್ನು ಅವರು ಮುಟ್ಟುವುದಿಲ್ಲ.